ಚೀರಾಟವಿಲ್ಲದೆ ಮಗುವಿಗೆ ಕಟಿಂಗ್ ಮಾಡಿಸುವುದು ಹೇಗೆ?

ಕಟಿಂಗ್ ಶಾಪಿನಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಅಪ್ಪ ಎರಡೂ ಕೈ ಹಿಡಿದಿರುತ್ತಾನೆ, ಮಾವ ತಲೆ ಒತ್ತಿ ಹಿಡಿದಿರುತ್ತಾನೆ, ಮಗು ಉಸಿರು ಕಟ್ಟಿ ಅಳುತ್ತಿರುತ್ತದೆ. 'ಮುಗೀತು, ಎರಡೇ ನಿಮಿಷ' ಅಂತ ಸುತ್ತಲಿದ್ದವರೆಲ್ಲ ಹೇಳುತ್ತಿರುತ್ತಾರೆ. ನಾವೂ ಹೀಗೇ ಮಾಡಿದವರು. ಮಗನಿಗೆ ಆಗ ಮೂರು ವರ್ಷ. ಆಮೇಲೆ ಎಷ್ಟೋ ತಿಂಗಳು ಬಾಚಣಿಗೆ ಕಂಡರೂ ಮಂಚದ ಕೆಳಗೆ ತೂರಿಕೊಳ್ಳುತ್ತಿದ್ದ.

ಅದು ಹಠವಲ್ಲ. ಕೆಲವು ಮಕ್ಕಳಿಗೆ ಸ್ಪರ್ಶ, ಸದ್ದು, ವಾಸನೆ ನಮಗಿಂತ ತುಂಬಾ ಜೋರಾಗಿ ತಟ್ಟುತ್ತವೆ. ಆಟಿಸಂ (ಮಾತು, ಬೆರೆಯುವಿಕೆ, ಗ್ರಹಿಕೆ ಬೇರೆ ರೀತಿ ಬೆಳೆಯುವ ಸ್ಥಿತಿ) ಇರುವ ಮಕ್ಕಳಲ್ಲಿ ಇದು ಜಾಸ್ತಿ. ಹಾಗಂತ ಹೀಗಿರುವ ಎಲ್ಲರಿಗೂ ಆಟಿಸಂ ಇದೆ ಎಂದಲ್ಲ. ಕೂದಲು ಕತ್ತರಿಸಿದರೆ ನೋವಿಲ್ಲ, ನಿಜ. ಆದರೆ ಅದರ ಬುಡದ ಸುತ್ತ ನರದ ತುದಿಗಳಿವೆ, ಸುಮ್ನೆ ಸವರಿದರೂ ತಿಳಿಯುತ್ತದೆ. ಮಷಿನ್ ಕಿವಿ ಹಿಂದಿನ ಮೂಳೆಗೆ ತಾಗಿದರೆ ಗುಂಯ್ ಅನ್ನುವ ಸದ್ದು ಮೂಳೆಯಿಂದಲೇ ಕಿವಿಯೊಳಗೆ ಇಳಿಯುತ್ತದೆ. ಕಿವಿಗೆ ಹತ್ತಿ ಇಟ್ಟರೂ ಅದು ನಿಲ್ಲುವುದಿಲ್ಲ.

ಮೊದಲು ಅಂಗಡಿ ಗೊತ್ತು ಮಾಡಿಕೊಳ್ಳಿ. ಭಾನುವಾರ ಬೇಡ, ಮಂಗಳವಾರ ಹೆಚ್ಚಿನ ಕಡೆ ಬಾಗಿಲು ಹಾಕಿರುತ್ತಾರೆ. ಬುಧವಾರ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗುವುದು ಒಳ್ಳೆಯದು. ಮುಂಚೆ ನೀವೊಬ್ಬರೇ ಹೋಗಿ ಹೇಳಿ ಬನ್ನಿ: ಟೀವಿ ಬೇಡ, ನೀರು ಚಿಮುಕಿಸುವುದು ಬೇಡ, ಪೌಡರ್ ಬೇಡ.

ಇನ್ನು ಮನೆಯ ತಯಾರಿ. ಎಲ್ಲರೂ ಎಡವುವುದು ಇಲ್ಲೇ. ಕನಿಷ್ಠ ಎರಡು ವಾರ ಬೇಕು, ದಿನಕ್ಕೆ ಐದು ನಿಮಿಷ ಸಾಕು. ಮನೆಯಲ್ಲಿರುವ ಗಡ್ಡದ ಟ್ರಿಮ್ಮರನ್ನು ಮೊದಲ ಎರಡು ದಿನ ಆಫ್ ಮಾಡಿಯೇ ಮಗುವಿನ ಕೈಗೆ ಕೊಡಿ. ಆಮೇಲೆ ಪಕ್ಕದ ಕೋಣೆಯಲ್ಲಿ ಆನ್ ಮಾಡಿ. ಮಗು ತಾನಾಗಿ ಇಣುಕಿ ನೋಡುವವರೆಗೆ ಹತ್ತಿರ ತರಬೇಡಿ. ನಂತರ ಅದರ ಹಿಂಬದಿಯನ್ನು, ಬ್ಲೇಡ್ ಇರುವ ಕಡೆಯನ್ನಲ್ಲ, ಮಗುವಿನ ಅಂಗೈಗೆ ಒತ್ತಿ. ಅಂಗೈ ಆಯಿತಾ, ಮೊಣಕೈ. ಮೊಣಕೈ ಆಯಿತಾ, ಭುಜ. ಕತ್ತು ಕೊನೆಗೆ. ಹಗುರವಾಗಿ ತಾಗಿಸಬೇಡಿ. ಇಂಥ ಮಕ್ಕಳಲ್ಲಿ ಅನೇಕರು ಹಗುರ ಸ್ಪರ್ಶಕ್ಕೆ ಬೆಚ್ಚುತ್ತಾರೆ, ಗಟ್ಟಿಯಾಗಿ ಒತ್ತಿದರೆ ಸಮಾಧಾನವಾಗುತ್ತಾರೆ. ತಲೆಗೆ ಎಣ್ಣೆ ತಟ್ಟುವ ಅಜ್ಜಿಯ ಕೈ ನೆನಪಿಸಿಕೊಳ್ಳಿ, ಅಷ್ಟು ಭಾರ ಇರಲಿ.

ಪ್ರತಿ ಸಲ ಹತ್ತರವರೆಗೆ ಗಟ್ಟಿಯಾಗಿ ಎಣಿಸಿ, ಹತ್ತಕ್ಕೆ ನಿಲ್ಲಿಸಿ. ಮಗು ನಾಲ್ಕಕ್ಕೇ ಕೈ ಎತ್ತಿದರೂ ಅಲ್ಲೇ ನಿಲ್ಲಿಸಿ. 'ಇನ್ನೊಂಚೂರು' ಅಂತ ಒಮ್ಮೆ ಮೋಸ ಮಾಡಿದಿರೋ, ಎರಡು ವಾರದ ಕೆಲಸ ನೀರು ಪಾಲು. ತನ್ನ ಕೈ ಎತ್ತಿದರೆ ಮಷಿನ್ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆಯೇ ನನ್ನ ಮಗ ಹತ್ತರವರೆಗೆ ಕೂತದ್ದು.

ನಿದ್ದೆಯಲ್ಲಿದ್ದಾಗ ಕತ್ತರಿಸಿಬಿಡಿ ಎನ್ನುವವರಿದ್ದಾರೆ. ನನಗೆ ಇಷ್ಟವಿಲ್ಲ. ಎಚ್ಚರವಾದರೆ ಕತ್ತರಿ ಎಲ್ಲಿ ತಾಗುತ್ತದೋ ಹೇಳಲಾಗದು, ಮಲಗಲೂ ಹೆದರುವುದು ಬೇರೆ. ನೆಗಡಿ ಸಿರಪ್ ಕುಡಿಸಿ ಮಲಗಿಸುವವರ ಜೊತೆ ಮಾತೇ ಬೇಡ. 'ಸದ್ದಿಲ್ಲದ ಟ್ರಿಮ್ಮರ್' ಅಂತ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಲ್ಲ, ಅದನ್ನೂ ತಂದೆವು. ಸದ್ದೂ ಇತ್ತು, ಕೂದಲನ್ನೂ ಕೀಳುತ್ತಿತ್ತು.

ಅಂಗಡಿಯಲ್ಲಿ ಮಕ್ಕಳನ್ನು ಕುರ್ಚಿಗೆ ಅಡ್ಡ ಹಾಕಿದ ಹಲಗೆ ಮೇಲೆ ಕೂರಿಸುತ್ತಾರೆ. ಕಾಲು ನೇತಾಡಿದರೆ ಬೀಳುತ್ತೇನೆಂಬ ಭಯ ಬೇರೆ ಸೇರುತ್ತದೆ. ಕಾಲಡಿಗೆ ಸ್ಟೂಲ್ ಇಡಿ, ಇಲ್ಲವೇ ನಿಮ್ಮ ತೊಡೆ ಮೇಲೆ ಕೂರಿಸಿಕೊಳ್ಳಿ. ತೊಡೆ ಮೇಲೆ ತುಸು ಭಾರವಿದ್ದರೂ ಕೆಲವು ಮಕ್ಕಳಿಗೆ ಸಮಾಧಾನ. ಅದಕ್ಕೆಂದು ಭಾರದ ಹೊದಿಕೆ ಕೊಳ್ಳಬೇಕಿಲ್ಲ, ಬಟ್ಟೆ ಚೀಲದಲ್ಲಿ ಒಂದು ಕಿಲೋ ರಾಗಿ ಕಟ್ಟಿ ಇಟ್ಟರೆ ಆಯಿತು, ಬೇಡವೆಂದರೆ ತೆಗೆದುಬಿಡಿ. ಅಂಗಡಿಯ ನೈಲಾನ್ ಬಟ್ಟೆ ಬರಬರ ಅನ್ನುತ್ತದೆ, ಮನೆಯಿಂದ ಹಳೇ ಕಾಟನ್ ಪಂಚೆ ಒಯ್ಯಿರಿ.

ಮೇಲ್ಭಾಗ ಕತ್ತರಿಯಲ್ಲೇ ಆಗಲಿ. ಮಷಿನ್ ಕತ್ತಿಗೆ ಮಾತ್ರ, ಅದೂ ಕೊನೆಗೆ, ಹತ್ತರ ಎಣಿಕೆಯಲ್ಲಿ. ಎಣಿಸುವುದು ನೀವೇ ಆಗಿರಲಿ, ಕಟಿಂಗ್ ಮಾಡುವವರಲ್ಲ. ಬಿದ್ದ ಕೂದಲನ್ನು ಬ್ರಷ್‌ನಲ್ಲಿ ಸವರಲು ಬಿಡಬೇಡಿ, ಒದ್ದೆ ಟವೆಲ್ ಒತ್ತಿ ತೆಗೆಯಿರಿ. ಮನೆಗೆ ಬಂದ ಕೂಡಲೇ ಸ್ನಾನ, ಬೇರೆ ಅಂಗಿ.

ಬಟ್ಟೆಯ ಲೇಬಲ್, ಊಟ, ಮಿಕ್ಸಿ ಸದ್ದು ಎಲ್ಲದರಲ್ಲೂ ಇದೇ ಪಾಡಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ, ಆಕ್ಯುಪೇಷನಲ್ ಥೆರಪಿಸ್ಟ್ (ಇಂಥ ಮಕ್ಕಳಿಗೆ ದಿನನಿತ್ಯದ ಕೆಲಸಗಳನ್ನು ರೂಢಿ ಮಾಡಿಸುವ ತಜ್ಞರು) ಬೇಕೇ ಎಂದು ಕೇಳಿ.

ಮೊದಲ ಸಲ ಪೂರ್ತಿ ಆಗದಿದ್ದರೆ ಅರ್ಧ ಕ್ರಾಪಿನಲ್ಲೇ ಎದ್ದು ಬನ್ನಿ. ನಾವು ಬುಧವಾರ ಎಡಗಡೆ, ಶನಿವಾರ ಬಲಗಡೆ ಮಾಡಿಸಿದ್ದೇವೆ. ನಡುವೆ ಎರಡು ದಿನ ಅಂಗನವಾಡಿಗೂ ಹಾಗೇ ಹೋದ. ಅಲ್ಲಿ ಯಾರೂ ಏನೂ ಕೇಳಲಿಲ್ಲ, ಕೇಳಿದ್ದು ನಮ್ಮ ನೆಂಟರು ಮಾತ್ರ.