ಸಿಸಿ ನೋಡಿ ಗೇರ್ ಹಾಕುವುದು: ನನ್ನ ಅನುಭವ

ಡೀಸೆಲ್ ಇನ್ನೋವಾ ಓಡಿಸಿ ಕಾಲು ಪಳಗಿದವರು 1.2 ಲೀಟರ್ ಪೆಟ್ರೋಲ್ ಸ್ವಿಫ್ಟ್‌ನಲ್ಲಿ ಕೂತರೆ ಮೊದಲು ಬರುವ ಮಾತು ‘ಇದಕ್ಕೆ ಪಿಕಪ್ಪೇ ಇಲ್ಲ’. ಆಲ್ಟೋದಿಂದ ಇನ್ನೋವಾಕ್ಕೆ ಹೋದವರು ಪ್ರತಿ ಗೇರನ್ನೂ ನಾಲ್ಕು ಸಾವಿರ ಆರ್‌ಪಿಎಂವರೆಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತಿನ ಲೆಕ್ಕ) ಎಳೆದು ‘ಬರೀ ಸದ್ದು, ಓಟ ಇಲ್ಲ’ ಅನ್ನುತ್ತಾರೆ. ಎರಡು ಗಾಡಿಯಲ್ಲೂ ದೋಷವಿರುವುದಿಲ್ಲ. ಪ್ರತಿ ಎಂಜಿನ್ನಿನ ಶಕ್ತಿ ಆರ್‌ಪಿಎಂ ಮುಳ್ಳಿನ ಬೇರೆ ಬೇರೆ ಜಾಗದಲ್ಲಿರುತ್ತದೆ. ಆ ಜಾಗ ಎಲ್ಲಿದೆ ಎಂದು ಗೊತ್ತು ಮಾಡಿಕೊಂಡು ಮುಳ್ಳನ್ನು ಅಲ್ಲೇ ಇಟ್ಟುಕೊಳ್ಳುವುದೇ ಗೇರ್‌ನ ಕೆಲಸ. ಬೇರೆ ಬೇರೆ ಸಿಸಿಯ (ಎಂಜಿನ್ ಗಾತ್ರದ) ಗಾಡಿಗಳಲ್ಲಿ ನಾನು ಇಟ್ಟುಕೊಂಡಿರುವ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಒಂದು ಸೂತ್ರ ಸಾಕು. ಟಾರ್ಕನ್ನು, ಅಂದರೆ ಎಂಜಿನ್ ತಿರುಗಿಸುವ ಬಲವನ್ನು (ನ್ಯೂಟನ್ ಮೀಟರ್‌ನಲ್ಲಿ) ಆರ್‌ಪಿಎಂನಿಂದ ಗುಣಿಸಿ 7024ರಿಂದ ಭಾಗಿಸಿದರೆ ಪಿಎಸ್ (ಅಶ್ವಶಕ್ತಿ) ಲೆಕ್ಕದಲ್ಲಿ ಪವರ್ ಸಿಗುತ್ತದೆ. ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ ಒಳಗೆ ತಳ್ಳುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್ ಎರಡು ಸುತ್ತಿಗೆ ಎಷ್ಟು ಗಾಳಿ ನುಂಗಬಲ್ಲದೋ ಅಷ್ಟೇ ಟಾರ್ಕ್ ಕೊಡುತ್ತದೆ, ಆ ಗಾಳಿಯ ಅಳತೆಯೇ ಸಿಸಿ. ಮಾರುತಿಯ ಮೂರು ಎಂಜಿನ್ ನೋಡಿ: ಆಲ್ಟೋ ಕೆ10ನ 998 ಸಿಸಿಗೆ 89 ನ್ಯೂಟನ್ ಮೀಟರ್, 2024ಕ್ಕೆ ಮೊದಲಿನ ಸ್ವಿಫ್ಟ್‌ನ 1197 ಸಿಸಿಗೆ 113, ಸಿಯಾಜ್‌ನ 1462 ಸಿಸಿಗೆ 138. ಲೀಟರಿಗೆ ಹಂಚಿದರೆ ಮೂರೂ 89ರಿಂದ 95ರ ಆಸುಪಾಸು. ಸಿಸಿ ಕಡಿಮೆಯಾದರೆ ಟಾರ್ಕ್ ಕಡಿಮೆ, ಅದನ್ನು ಸರಿದೂಗಿಸಲು ಇರುವ ದಾರಿ ಆರ್‌ಪಿಎಂ ಮಾತ್ರ. 40 ಪಿಎಸ್ ಬೇಕು ಅಂದುಕೊಳ್ಳಿ. ಗರಿಷ್ಠ ಟಾರ್ಕ್ ಹಿಡಿದು ಲೆಕ್ಕ ಹಾಕಿದರೂ ಸಿಯಾಜ್ 2040 ಆರ್‌ಪಿಎಂಗೆ, ಸ್ವಿಫ್ಟ್ 2490ಕ್ಕೆ, ಆಲ್ಟೋ 3160ಕ್ಕೆ ಹೋಗಬೇಕು. ನಿಜವಾಗಿ ಇದಕ್ಕಿಂತ ಇನ್ನೂ ಸ್ವಲ್ಪ ಮೇಲೆಯೇ, ಯಾಕೆಂದರೆ ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕ್ ಪೂರ್ತಿ ಇರುವುದಿಲ್ಲ. ಆದ್ದರಿಂದ ಆಲ್ಟೋದವನು ರೇಸ್ ಕೊಡುವುದು ದುಡುಕಲ್ಲ, ಆ ಎಂಜಿನ್‌ನಿಂದ ಕೆಲಸ ತೆಗೆಯುವ ರೀತಿಯೇ ಅದು.

ಹಾಗಂತ ಸಿಸಿ ಒಂದನ್ನೇ ನೋಡಿದರೂ ತಪ್ಪುತ್ತೇವೆ. ಹಳೆಯ ಸ್ವಿಫ್ಟ್ ಡೀಸೆಲ್‌ನ 1248 ಸಿಸಿ ಎಂಜಿನ್ ಗಾತ್ರದಲ್ಲಿ ಪೆಟ್ರೋಲ್‌ಗಿಂತ 51 ಸಿಸಿಯಷ್ಟೇ ದೊಡ್ಡದು. ಆದರೆ ಟರ್ಬೊ ಇರುವುದರಿಂದ 2000 ಆರ್‌ಪಿಎಂಗೆ 190 ನ್ಯೂಟನ್ ಮೀಟರ್ ಕೊಡುತ್ತದೆ, ಅಂದರೆ ಸುಮಾರು 54 ಪಿಎಸ್. ಪೆಟ್ರೋಲ್ ಸ್ವಿಫ್ಟ್ ಅದೇ 2000ದಲ್ಲಿ ಅದರ ಅರ್ಧದಷ್ಟು ಕೊಟ್ಟರೆ ಹೆಚ್ಚು. ಮೇಲಕ್ಕೆ ಹೋದಂತೆ ಆಟ ತಿರುಗುತ್ತದೆ. ಡೀಸೆಲ್ 4000ಕ್ಕೆ 75 ಪಿಎಸ್ ಮುಟ್ಟಿ ಅಲ್ಲಿಂದಾಚೆ ಸೋಲುತ್ತದೆ, ಪೆಟ್ರೋಲ್ 6000ದವರೆಗೂ ಏರುತ್ತಲೇ ಹೋಗುತ್ತದೆ. ಈ ಡೀಸೆಲ್‌ನಲ್ಲಿ 1800ರ ಕೆಳಗೆ ಟರ್ಬೊ ಏಳುವುದಿಲ್ಲ. ಅದಕ್ಕೇ 2500 ದಾಟುವ ಮೊದಲು ಮೇಲಿನ ಗೇರ್ ಹಾಕಬಾರದು. ಹಾಕಿದರೆ ಮುಳ್ಳು 1500ಕ್ಕೆ ಬಿದ್ದು ಗಾಡಿ ಮಂಕಾಗುತ್ತದೆ. ಟ್ರಾಫಿಕ್‌ನಲ್ಲಿ ಹಂಪ್ ದಾಟಿದ ಮೇಲೆ ಸೆಕೆಂಡ್ ಗೇರ್‌ನಲ್ಲೇ ಒತ್ತಿ ಕಾಯುವುದಕ್ಕಿಂತ ಫಸ್ಟ್‌ಗೆ ಇಳಿಸುವುದು ಒಳ್ಳೆಯದು.

ನಮ್ಮ ರಸ್ತೆಗಳಲ್ಲಿ 1197, 1199 ಸಿಸಿ ಪೆಟ್ರೋಲ್ ಗಾಡಿಗಳೇ ತುಂಬಿರುವುದಕ್ಕೆ ತೆರಿಗೆಯೂ ಕಾರಣ. ನಾಲ್ಕು ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿದ್ದರೆ ತೆರಿಗೆ ಕಡಿಮೆ. ಹಾಗಾಗಿ ಹೆಚ್ಚಿನವರ ಕೈಗೆ ಬರುವುದು ರೇಸ್ ಬಯಸುವ ಎಂಜಿನ್ನೇ.

‘ಜಾಸ್ತಿ ರೇಸ್ ಕೊಟ್ಟರೆ ಎಂಜಿನ್ ಬೇಗ ಹೋಗುತ್ತೆ’ ಎಂಬ ಭಯದ ಬಗ್ಗೆ ಒಂದು ಮಾತು. ಎಂಜಿನ್‌ಗೆ ಆಗುವ ಶ್ರಮವನ್ನು ಆರ್‌ಪಿಎಂಗಿಂತ ಪಿಸ್ಟನ್ ಓಡುವ ವೇಗ ಚೆನ್ನಾಗಿ ಹೇಳುತ್ತದೆ. ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ, ಅಂದರೆ ಸ್ಟ್ರೋಕ್, 2024ಕ್ಕೆ ಮೊದಲಿನ ಸ್ವಿಫ್ಟ್ ಪೆಟ್ರೋಲ್‌ನಲ್ಲಿ 71.5 ಮಿ.ಮೀ. 6000 ಆರ್‌ಪಿಎಂನಲ್ಲಿ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ 14.3 ಮೀಟರ್. ಹಳೆಯ ಇನ್ನೋವಾದ 2494 ಸಿಸಿ ಡೀಸೆಲ್‌ನಲ್ಲಿ ಸ್ಟ್ರೋಕ್ 93.8 ಮಿ.ಮೀ. 3600ರಲ್ಲೇ ಅದು 11.3 ಮೀಟರ್ ಮುಟ್ಟುತ್ತದೆ. ಅದನ್ನು 6000ಕ್ಕೆ ತಿರುಗಿಸುವುದಾದರೆ 18.8 ಮೀಟರ್ ಆಗುತ್ತಿತ್ತು, ಅದರ ಭಾರದ ಪಿಸ್ಟನ್, ಕನೆಕ್ಟಿಂಗ್ ರಾಡ್‌ಗಳಿಗೆ ಅದು ಆಗದ ಕೆಲಸ. ಡೀಸೆಲ್ ಸಿಂಪಡಣೆಯಾಗಿ, ಗಾಳಿಯಲ್ಲಿ ಬೆರೆತು ಉರಿಯುವುದಕ್ಕೂ ಸಮಯ ಬೇಕು. ಸಣ್ಣ ಪೆಟ್ರೋಲ್ ಎಂಜಿನ್ 4500ರಲ್ಲಿ ಕಿರುಚಿದಂತೆ ಕೇಳಿಸಿದರೂ ಒಳಗೆ ಆರಾಮವಾಗಿಯೇ ಇರುತ್ತದೆ. ಎಣ್ಣೆ ಬಿಸಿಯಾಗಿರಬೇಕು ಅಷ್ಟೇ. ಕೂಲಂಟ್ ಮುಳ್ಳು ನಡುವಿಗೆ ಬಂದ ತಕ್ಷಣ ಎಣ್ಣೆ ಬಿಸಿಯಾಯಿತು ಎಂದಲ್ಲ. ಸ್ಟಾರ್ಟ್ ಮಾಡಿದ ಮೇಲೆ ಹತ್ತು ನಿಮಿಷ ನಾನು ಪೆಟ್ರೋಲ್‌ನಲ್ಲಿ 3000, ಡೀಸೆಲ್‌ನಲ್ಲಿ 2200 ದಾಟಿಸುವುದಿಲ್ಲ.

ನಿಜವಾಗಿ ಎಂಜಿನ್ ತಿನ್ನುವುದು ಇದರ ಉಲ್ಟಾ ಅಭ್ಯಾಸ: ಮೈಲೇಜ್ ಆಸೆಗೆ ನಲವತ್ತರ ಸ್ಪೀಡಿಗೆ ಟಾಪ್ ಗೇರ್ ಹಾಕಿ, ಏರು ಬಂದಾಗ ಆಕ್ಸಿಲರೇಟರ್ ಪೂರ್ತಿ ಒತ್ತುವುದು. ಕಡಿಮೆ ಆರ್‌ಪಿಎಂನಲ್ಲಿ ಬೇರಿಂಗ್ ಮೇಲಿನ ಎಣ್ಣೆಯ ಪದರ ತೆಳ್ಳಗಿರುತ್ತದೆ, ಅದೇ ಹೊತ್ತಿಗೆ ಸಿಲಿಂಡರ್ ಒಳಗಿನ ಒತ್ತಡ ಗರಿಷ್ಠಕ್ಕೇರುತ್ತದೆ. ಸ್ಟೇರಿಂಗ್ ನಡುಗುತ್ತದೆ, ಗೇರ್ ಲಿವರ್ ಕುಣಿಯುತ್ತದೆ, ಪೆಟ್ರೋಲ್ ಆದರೆ ಕಿಣಿಕಿಣಿ ನಾಕಿಂಗ್ ಕೇಳಿಸುತ್ತದೆ. ಹಲವು ಡೀಸೆಲ್‌ಗಳಲ್ಲಿ ಈ ನಡುಕ ನೇರವಾಗಿ ಡ್ಯುಯಲ್ ಮಾಸ್ ಫ್ಲೈವೀಲ್‌ನ (ಎಂಜಿನ್ ಮತ್ತು ಕ್ಲಚ್ ನಡುವಿನ ಎರಡು ಭಾಗದ ಭಾರದ ಚಕ್ರ) ಸ್ಪ್ರಿಂಗ್‌ಗಳಿಗೆ ಹೋಗುತ್ತದೆ. ಕ್ಲಚ್ ಜೊತೆ ಅದನ್ನೂ ಬದಲಿಸಬೇಕಾಗಿ ಬಂದಾಗ ಬಿಲ್ ನೋಡಿ ಬೆಚ್ಚಿಬೀಳುವವರಲ್ಲಿ ಹಲವರದು ಇದೇ ಅಭ್ಯಾಸ. ಒಂದು ಲೀಟರ್ ಟರ್ಬೊ ಪೆಟ್ರೋಲ್‌ಗಳಿಗೆ ಇದು ಇನ್ನೂ ಅಪಾಯ. 1500 ಆರ್‌ಪಿಎಂಗೇ 172 ನ್ಯೂಟನ್ ಮೀಟರ್ ಕೊಡುವ ಹ್ಯುಂಡೈನ 998 ಸಿಸಿ ಎಂಜಿನ್‌ನಂಥವುಗಳಲ್ಲಿ, ಕೆಳಗಿನ ಸುತ್ತಿನಲ್ಲಿ ಪೂರ್ತಿ ಒತ್ತಿದರೆ ಸ್ಪಾರ್ಕ್ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಸಾಧ್ಯತೆ ಇರುತ್ತದೆ. ಹಾಗೆ ಹೊತ್ತಿದರೆ ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ಕಂಪನಿ ಹೇಳಿದ ಗ್ರೇಡಿನಲ್ಲೇ ಎಪಿಐ ಎಸ್‌ಪಿ (ಎಣ್ಣೆಯ ಗುಣಮಟ್ಟದ ಒಂದು ದರ್ಜೆ) ಗುರುತಿನ ಎಣ್ಣೆ ಹಾಕಿಸಿ, ಪೂರ್ತಿ ಒತ್ತುವ ಮೊದಲು ಮುಳ್ಳನ್ನು 2000 ದಾಟಿಸಿಕೊಳ್ಳಿ.

ಮೈಲೇಜ್‌ಗೆ ಕಾಲು ಮೃದುವಾಗಿರಬೇಕು ಅನ್ನುವುದು ಅರ್ಧ ಸತ್ಯ. ಸಣ್ಣ ಪೆಟ್ರೋಲ್‌ನಲ್ಲಿ ನಾನು ಪೆಡಲನ್ನು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಒತ್ತಿ, 2200ರಿಂದ 2500ಕ್ಕೆ ಗೇರ್ ಏರಿಸಿ, ಬೇಕಾದ ಸ್ಪೀಡ್ ಬಂದ ಮೇಲೆ ಕಾಲು ಹಗುರ ಮಾಡುತ್ತೇನೆ. ಕಾಲಂಚಿನಿಂದ ಒತ್ತಿದರೆ ಗಾಳಿ ಒಳಬಿಡುವ ಥ್ರಾಟಲ್ ಬಾಗಿಲು ಮುಕ್ಕಾಲು ಮುಚ್ಚಿರುತ್ತದೆ, ಗಾಳಿ ಎಳೆದುಕೊಳ್ಳುವುದಕ್ಕೇ ಎಂಜಿನ್ ಪೆಟ್ರೋಲ್ ಸುಡುತ್ತದೆ.

ಇನ್ನು ಘಾಟಿ. ತಪ್ಪು ಗೇರ್ ಅಡಗಿಕೊಳ್ಳಲಾಗದ ಜಾಗ ಅದು. ಆಗುಂಬೆಯ ಹೇರ್‌ಪಿನ್ ತಿರುವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಐದು ಜನ ಕೂತ 1.2 ಪೆಟ್ರೋಲ್, ಒಟ್ಟು ತೂಕ ಸುಮಾರು 1300 ಕಿಲೋ, ನೂರು ಮೀಟರಿಗೆ ಹತ್ತು ಮೀಟರ್ ಏರು, ಎಸಿ ಆನ್, ತಿರುವಿನಲ್ಲಿ ಸ್ಪೀಡ್ 15. ಆ ವೇಗ ಕಾಪಾಡಿಕೊಳ್ಳುವುದಕ್ಕೇ ಸುಮಾರು 12 ಪಿಎಸ್ ಬೇಕು. ಸೆಕೆಂಡ್ ಗೇರ್‌ನ ಒಟ್ಟು ಅನುಪಾತ 8 ಇದ್ದರೆ (ಚಕ್ರದ ಒಂದು ಸುತ್ತಿಗೆ ಎಂಜಿನ್ ಎಂಟು ಸುತ್ತು) ಎಂಜಿನ್ 1050 ಆರ್‌ಪಿಎಂನಲ್ಲಿರುತ್ತದೆ, ಕೊಡುವುದೂ 12 ಪಿಎಸ್ಸೇ. ಗಾಡಿ ನಿಲ್ಲುವುದಿಲ್ಲ, ವೇಗ ಏರುವುದೂ ಇಲ್ಲ, ಬಡಿದುಕೊಳ್ಳುತ್ತದೆ. ಆಗ ಹೆಚ್ಚಿನವರು ಕ್ಲಚ್ ಅರ್ಧ ಒತ್ತಿ ರೇಸ್ ಕೊಡುತ್ತಾರೆ. ಮೂರನೇ ತಿರುವಿಗೇ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಫಸ್ಟ್ ಗೇರ್‌ನ ಅನುಪಾತ 15 ಅಂದುಕೊಂಡರೆ ಅದೇ ವೇಗಕ್ಕೆ ಸುಮಾರು 2000 ಆರ್‌ಪಿಎಂ, 25 ಪಿಎಸ್‌ಗಿಂತ ಹೆಚ್ಚು ಕೈಗೆ ಸಿಗುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ಬ್ರೇಕ್ ಹಾಕಿ, ಸ್ಪೀಡ್ 15ರ ಕೆಳಗೆ ಬಂತು ಅನ್ನಿಸಿದರೆ ಕ್ಲಚ್ ಒತ್ತಿದಾಗ ಒಂದು ಸಣ್ಣ ರೇಸ್ ಕೊಟ್ಟು ಫಸ್ಟ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟ ಮೇಲೇ ಸ್ಟೇರಿಂಗ್ ತಿರುಗಿಸಬೇಕು. ತಿರುವು ಬಿಟ್ಟ ಮೇಲೆ 4000ದವರೆಗೆ ಎಳೆದು ಸೆಕೆಂಡ್. ಎರಡು ತಿರುವಿನ ನಡುವೆ ಸೆಕೆಂಡ್‌ನಲ್ಲೇ 3000ದಿಂದ 4500ರ ಒಳಗೆ ಇರಲಿ, ಥರ್ಡ್ ಆಸೆ ಬೇಡ. ಒಂದು ಲೀಟರ್ ಗಾಡಿಯಲ್ಲಿ ತೀರಾ ಕಡಿದಾದ ಕಡೆ ಎಸಿ ಆಫ್ ಮಾಡುತ್ತೇನೆ. ಕಂಪ್ರೆಸರ್ ತಿನ್ನುವ ಎರಡು ಮೂರು ಪಿಎಸ್ ಅಲ್ಲಿ ದೊಡ್ಡ ಪಾಲು.

ಅದೇ ತಿರುವಿನಲ್ಲಿ 2.5 ಇನ್ನೋವಾ ಬೇರೆ ಪ್ರಾಣಿ. 1400ರಿಂದ 3400ರವರೆಗೆ 200 ನ್ಯೂಟನ್ ಮೀಟರ್ ಒಂದೇ ಸಮ ಇರುತ್ತದೆ. ಸೆಕೆಂಡ್‌ನಲ್ಲಿ 1400ರ ಮೇಲಿದ್ದರೆ ಹಾಗೇ ಏರುತ್ತದೆ, 2500ಕ್ಕಿಂತ ಮೇಲೆ ಒಯ್ಯುವ ಅಗತ್ಯ ಬೀಳುವುದು ಅಪರೂಪ. 343 ನ್ಯೂಟನ್ ಮೀಟರ್‌ನ 2.4 ಕ್ರಿಸ್ಟಾ ಇನ್ನೂ ಸುಲಭ. ಇವುಗಳಲ್ಲಿ ಎಡವುವುದು ಗೇರ್ ಬದಲಿಸುವ ಕೈಯ ವೇಗದಲ್ಲಿ. ದೊಡ್ಡ ಡೀಸೆಲ್‌ನ ತಿರುಗುವ ಭಾಗಗಳು ಭಾರ, ಕಾಲು ತೆಗೆದರೂ ಆರ್‌ಪಿಎಂ ನಿಧಾನವಾಗಿ ಇಳಿಯುತ್ತದೆ. ಮೇಲಿನ ಗೇರ್ ಹಾಕಿ ತಟ್ಟನೆ ಕ್ಲಚ್ ಬಿಟ್ಟರೆ ಗಾಡಿ ಮುಂದಕ್ಕೆ ಹಾರಿದಂತಾಗುತ್ತದೆ, ಆದ್ದರಿಂದ ನ್ಯೂಟ್ರಲ್ ದಾಟುವಾಗ ಅರೆಕ್ಷಣ ತಡೆಯಬೇಕು. ಮೂರು ಸಿಲಿಂಡರಿನ ಸಣ್ಣ ಪೆಟ್ರೋಲ್‌ನಲ್ಲಿ ಆರ್‌ಪಿಎಂ ಬೇಗ ಬೀಳುತ್ತದೆ. ಅಲ್ಲಿ ನಿಧಾನ ಮಾಡಿದರೆ ತಲೆ ಮುಂದಕ್ಕೆ ಬಾಗುತ್ತದೆ, ಕೈ ಚುರುಕಾಗಿರಬೇಕು.

ಎತ್ತರದ ಪರಿಣಾಮವನ್ನೂ ಮರೆಯಬೇಡಿ. ಮಂಗಳೂರಿಗೆ ಹೋಲಿಸಿದರೆ ಬೆಂಗಳೂರಿನ 900 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಶೇ 8–9ರಷ್ಟು ಕಡಿಮೆ. 1900 ಮೀಟರ್ ದಾಟುವ ಮುಳ್ಳಯ್ಯನಗಿರಿಯಲ್ಲಿ ಸುಮಾರು ಶೇ 17 ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನ ಟಾರ್ಕ್ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 113 ನ್ಯೂಟನ್ ಮೀಟರ್‌ನ 1.2 ಗಾಡಿ ಅಲ್ಲಿ 94ಕ್ಕೆ ಬಂದು ನಿಲ್ಲುತ್ತದೆ, ಅಂದರೆ ಕರಾವಳಿಯ ಒಂದು ಲೀಟರ್ ಗಾಡಿಯ ಆಸುಪಾಸು. ಕೆಳಗೆ ಸೆಕೆಂಡ್‌ನಲ್ಲಿ ಹತ್ತಿದ ಏರು ಮೇಲೆ ಫಸ್ಟ್ ಕೇಳಿದರೆ ಮೆಕ್ಯಾನಿಕ್ ಹತ್ತಿರ ಓಡಬೇಕಿಲ್ಲ.

ಓವರ್‌ಟೇಕ್‌ಗೆ ಸಣ್ಣ ಪೆಟ್ರೋಲ್‌ನಲ್ಲಿ ಗೇರ್ ಇಳಿಸದೆ ಹೊರಡಲೇಬಾರದು. 80ರಲ್ಲಿ ಟಾಪ್ ಗೇರ್‌ನಲ್ಲಿದ್ದಾಗ 2400 ಆರ್‌ಪಿಎಂ ಇದ್ದರೆ ಕೈಯಲ್ಲಿರುವುದು 32 ಪಿಎಸ್. ಥರ್ಡ್ ಹಾಕಿದರೆ 4000, ಅಲ್ಲಿ 64 ಪಿಎಸ್. ಲಾರಿಯ ಹಿಂದೆ ಇರುವಾಗಲೇ ಗೇರ್ ಇಳಿಸಿಕೊಳ್ಳಿ, ಎದುರು ಖಾಲಿ ಕಂಡ ಮೇಲೆ ಅಲ್ಲ. ಇನ್ನೋವಾದಂಥ ಡೀಸೆಲ್‌ಗೆ ಒಂದು ಗೇರ್ ಇಳಿಸಿದರೆ ಸಾಕು, ಎರಡು ಇಳಿಸಿದರೆ ಅರ್ಧದಾರಿಯಲ್ಲೇ ಉಸಿರು ಮುಗಿದು, ಎದುರಿನ ಸಾಲಿನಲ್ಲಿರುವಾಗ ಗೇರ್ ಬದಲಿಸಬೇಕಾಗುತ್ತದೆ. ಗಡಿಬಿಡಿಯಲ್ಲಿ ಫೋರ್ತ್ ಎಂದು ಸೆಕೆಂಡ್ ಹಾಕುವ ತಪ್ಪಂತೂ ಆಗಲೇಬಾರದು. ನೂರರ ವೇಗದಲ್ಲಿ ಸೆಕೆಂಡ್ ಬಿದ್ದರೆ ಸಣ್ಣ ಪೆಟ್ರೋಲ್ ಕೂಡ 7000 ಮುಟ್ಟುತ್ತದೆ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ನಿಲ್ಲಿಸಿದರೂ ಚಕ್ರಗಳೇ ಎಂಜಿನ್ ತಿರುಗಿಸುವುದರಿಂದ ಅದನ್ನು ತಡೆಯುವವರಿಲ್ಲ. ಡೀಸೆಲ್‌ನಲ್ಲಿ ವಾಲ್ವ್, ಪಿಸ್ಟನ್ ಒಂದಕ್ಕೊಂದು ಹೊಡೆದುಕೊಳ್ಳಬಹುದು.

ಇಳಿಯುವಾಗ ಹತ್ತಿದ ಗೇರ್‌ನಲ್ಲೇ ಇಳಿಯಿರಿ ಎಂಬ ಹಳೆಯ ಡ್ರೈವರ್‌ಗಳ ಮಾತು ಇವತ್ತಿಗೂ ಸರಿ. 1.2 ಪೆಟ್ರೋಲ್‌ನಲ್ಲಿ ಸೆಕೆಂಡ್ ಹಾಕಿ ಕಾಲು ತೆಗೆದರೆ ಮುಳ್ಳು 3500ರಿಂದ 4000ಕ್ಕೆ ಹೋಗುತ್ತದೆ, ಸದ್ದಿಗೆ ಹೆದರಬೇಡಿ. ಆ ಹೊತ್ತಿಗೆ ಇಂಜೆಕ್ಟರ್‌ಗಳು ಮುಚ್ಚಿರುತ್ತವೆ, ಹನಿ ಪೆಟ್ರೋಲ್ ಖರ್ಚಾಗುವುದಿಲ್ಲ. ನ್ಯೂಟ್ರಲ್ ಮಾಡಿದರೆ ಐಡಲ್‌ಗೆ ಇಂಧನ ಬೇಕು, ಎಲ್ಲ ಭಾರವೂ ಬ್ರೇಕ್ ಮೇಲೆ ಬೀಳುತ್ತದೆ. ಎಂಜಿನ್ ಆಫ್ ಮಾಡಿ ಇಳಿಯುವುದು ಇನ್ನೂ ಕೆಟ್ಟದ್ದು: ಕೆಲವೇ ಸಲ ಒತ್ತುವಷ್ಟರಲ್ಲಿ ಬ್ರೇಕ್‌ಗೆ ಬಲ ಕೊಡುವ ಬೂಸ್ಟರ್‌ನ ವ್ಯಾಕ್ಯೂಮ್ ಮುಗಿದು ಪೆಡಲ್ ಕಲ್ಲಾಗುತ್ತದೆ. ದೊಡ್ಡ ಡೀಸೆಲ್‌ಗಳ ತೂಕ ಜನ ಕೂತಾಗ ಎರಡು ಟನ್ ದಾಟುವುದರಿಂದ, ಹತ್ತುವಾಗ ಥರ್ಡ್ ಸಾಕಾಗಿದ್ದ ಕಡೆಯೂ ಇಳಿಯುವಾಗ ಸೆಕೆಂಡ್ ಬೇಕಾಗಬಹುದು.

ಕೈಗೆ ಹೊಸ ಗಾಡಿ ಬಂದಾಗ ನಾನು ಮೊದಲು ಮಾಡುವ ಕೆಲಸ ಒಂದು ಚೀಟಿ ಬರೆಯುವುದು. ಮಾಲೀಕರ ಕೈಪಿಡಿಯಲ್ಲಿ ಗರಿಷ್ಠ ಟಾರ್ಕ್ ಮತ್ತು ಗರಿಷ್ಠ ಪವರ್ ಯಾವ ಆರ್‌ಪಿಎಂಗೆ ಎಂದು ನೋಡಿ ಬರೆದುಕೊಳ್ಳುತ್ತೇನೆ. ಖಾಲಿ ರಸ್ತೆಯಲ್ಲಿ ಪ್ರತಿ ಗೇರ್‌ನಲ್ಲೂ ಮುಳ್ಳನ್ನು 2000ಕ್ಕೆ ನಿಲ್ಲಿಸಿ, ಪಕ್ಕದಲ್ಲಿ ಕೂತವರಿಗೆ ಫೋನ್‌ನ ಜಿಪಿಎಸ್ ವೇಗ ಓದಲು ಹೇಳುತ್ತೇನೆ. ಸೆಕೆಂಡ್‌ನಲ್ಲಿ 28 ಬಂದರೆ 4000ಕ್ಕೆ 56, ಬೇರೆ ಯಾವ ಆರ್‌ಪಿಎಂಗೂ ಇದೇ ಗುಣಾಕಾರ. ಆರ್‌ಪಿಎಂ ಮೀಟರ್ ಇಲ್ಲದ ಗಾಡಿಯಾದರೆ ಸ್ಟೇರಿಂಗ್ ಕೆಳಗಿನ ಒಬಿಡಿ ಸಾಕೆಟ್‌ಗೆ (ಮೆಕ್ಯಾನಿಕ್‌ಗಳು ಗಾಡಿಯ ದೋಷ ಓದಲು ಬಳಸುವ ಜಾಗ) ಬ್ಲೂಟೂತ್ ಅಡಾಪ್ಟರ್ ಚುಚ್ಚಿದರೆ ಫೋನ್‌ನಲ್ಲೇ ಕಾಣುತ್ತದೆ. ಕೊನೆಗೆ ಥರ್ಡ್‌ನಲ್ಲಿ 1200ರಿಂದ ಮೆಲ್ಲಗೆ ಒತ್ತುತ್ತಾ ಹೋಗಿ, ನಡುಕ ನಿಂತು ಗಾಡಿ ತಾನಾಗಿ ಎಳೆಯಲು ಶುರು ಮಾಡುವ ಜಾಗ ಗುರುತಿಸಿಕೊಳ್ಳುತ್ತೇನೆ. ಆ ಅಂಕಿಯ ಕೆಳಗೆ ಆ ಗಾಡಿಯಲ್ಲಿ ಪೆಡಲ್ ಅರ್ಧ ದಾಟಿಸುವುದಿಲ್ಲ. ಚೀಟಿಯನ್ನು ಸನ್‌ವೈಸರ್‌ಗೆ ಸಿಕ್ಕಿಸಿಟ್ಟರೆ ಮನೆಯಲ್ಲಿ ಆ ಗಾಡಿ ಓಡಿಸುವ ಉಳಿದವರಿಗೂ ಸಿಗುತ್ತದೆ.