ಅರ್ಧ ಗಂಟೆಯ ಕೊಳಲು ಕಛೇರಿಗೆ ನಾನು ತಯಾರಾದ ಬಗೆ

ನಾನು ಉಡುಪಿಯಲ್ಲಿ ಕೊಳಲು ಕಲಿಯುತ್ತಿದ್ದೇನೆ. ನಮ್ಮ ಗುರುಗಳು ವರ್ಷಕ್ಕೊಮ್ಮೆ ವಿದ್ಯಾರ್ಥಿಗಳ ಕಛೇರಿ ಇಡುತ್ತಾರೆ. ರಥಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಣ್ಣ ಸಭಾಂಗಣ. ಮಳೆಗಾಲ ಶುರುವಾಗುವ ಮುಂಚೆ, ಮೇ ಕೊನೆಯ ಒಂದು ಸಂಜೆ. ಮಕ್ಕಳೆಲ್ಲ ಗುಂಪಿನಲ್ಲಿ ನುಡಿಸುತ್ತಾರೆ. ಕೆಲಸ, ಸಂಸಾರ ಅಂತ ಇರುವ ನಮ್ಮಂಥ ದೊಡ್ಡ ವಿದ್ಯಾರ್ಥಿಗಳಿಗೆ ಒಬ್ಬೊಬ್ಬರಿಗೇ ಸ್ವಲ್ಪ ಹೊತ್ತು ಸಿಗುತ್ತದೆ. ಈ ಸಲ ನನಗೆ ಅರ್ಧ ಗಂಟೆ ಸಿಕ್ಕಿತು, ಪಿಟೀಲು ಮತ್ತು ಮೃದಂಗ ಸಮೇತ. ಅದಕ್ಕೆ ಹೇಗೆ ತಯಾರಾದೆ ಅಂತ ಇಲ್ಲಿ ಬರೆದಿದ್ದೇನೆ.

ನಮ್ಮ ಕರಾವಳಿಯವರಿಗೆ ಗಾಳಿ ಊದುವ ವಾದ್ಯ ಹೊಸದೇನಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲೇ ಕೃತಿಗಳನ್ನು ಹಾಡಿಸಿಬಿಟ್ಟಿದ್ದಾರೆ. ಅವರು 2019ರಲ್ಲಿ ತೀರಿಕೊಂಡರು. ಆದರೆ ಇವತ್ತಿಗೂ ಇಲ್ಲಿಯ ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನ್ ಕೇಳದೆ ಊಟದ ಪಂಕ್ತಿ ಏಳುವುದಿಲ್ಲ. ಕೊಳಲಿಗೆ ಆ ಗಂಟಲು ಇಲ್ಲ. ಅದು ಮೆದು. ಚೆಂಡೆ ಕೇಳಿ ಬೆಳೆದ ಕಿವಿಗಳ ಎದುರು ಕುಳಿತು ಈ ಬಿದಿರಿನ ತುಂಡು ಊದಬೇಕು ಅಂದರೆ ಜೋರಿನಲ್ಲಿ ಪೈಪೋಟಿ ಮಾಡಿ ಪ್ರಯೋಜನ ಇಲ್ಲ. ಸಾಹಿತ್ಯವನ್ನು ಹಿಡಿಯಬೇಕು. ಇಡೀ ತಯಾರಿಯಲ್ಲಿ ನಾನು ಗಟ್ಟಿಯಾಗಿ ಹಿಡಿದುಕೊಂಡದ್ದು ಅದೊಂದನ್ನೇ.

ಯಾಕೆಂದರೆ ಉಡುಪಿಯ ಕೇಳುಗರಿಗೆ ದೇವರನಾಮ ಬಾಯಿಪಾಠ. ಭಜನೆ ಹಾಡಿ, ಕೇಳಿ ಬಂದವರು. ನೀವು ಕೊಳಲು ಊದುತ್ತಿದ್ದರೆ ಮುಂದಿನ ಸಾಲಿನಲ್ಲಿ ಕುಳಿತ ಅಮ್ಮಂದಿರ ತುಟಿ ಆಡುತ್ತಿರುತ್ತದೆ. ಅವರು ಮನಸ್ಸಿನಲ್ಲೇ ಹಾಡುತ್ತಾರೆ, ನೀವು ಹಿಂದೆ ಹೋಗುತ್ತೀರಿ. ನೀವು ಎಲ್ಲೋ ಒಂದು ಕಡೆ ಸುಮ್ನೆ ಉಸಿರು ತೆಗೆದರೆ ಅವರ ಬಾಯಿಯಲ್ಲಿ ಪದ ತುಂಡಾಗುತ್ತದೆ. ತಕ್ಷಣ ಗೊತ್ತಾಗುತ್ತದೆ ಮಾರಾಯ್ರೆ, ಮುಖದಲ್ಲೇ ಕಾಣುತ್ತದೆ.

ಅರ್ಧ ಗಂಟೆಗೆ ನಾನು ಆರಿಸಿಕೊಂಡದ್ದು ಇಷ್ಟು. ಮೊದಲಿಗೆ ಮೋಹನ ರಾಗದ ಆದಿತಾಳ ವರ್ಣ (ಕಛೇರಿ ಶುರು ಮಾಡುವ ರಚನೆ) ‘ನಿನ್ನುಕೋರಿ’. ನಂತರ ಹಂಸಧ್ವನಿಯ ‘ವಾತಾಪಿ ಗಣಪತಿಂ’, ಸ್ವಲ್ಪ ಕಲ್ಪನಾಸ್ವರದ ಜೊತೆ, ಅಂದರೆ ಆ ಹೊತ್ತಿಗೆ ಹೊಳೆದ ಸ್ವರಗಳನ್ನು ಹೆಣೆಯುವುದು. ಮುಖ್ಯವಾಗಿ ಯಮುನಾಕಲ್ಯಾಣಿಯ ‘ಕೃಷ್ಣಾ ನೀ ಬೇಗನೆ ಬಾರೋ’. ಕೊನೆಗೆ ಮಧ್ಯಮಾವತಿಯಲ್ಲಿ ‘ಭಾಗ್ಯದ ಲಕ್ಷ್ಮೀ ಬಾರಮ್ಮ’. ದೊಡ್ಡ ರಾಗದ ಆಲಾಪನೆ, ಮೃದಂಗ ಒಂದೇ ನುಡಿಯುವ ತನಿ ಆವರ್ತನ ಯಾವುದೂ ಇಲ್ಲ. ವಿದ್ಯಾರ್ಥಿ ಕಛೇರಿಯಲ್ಲಿ ತೋಡಿಯಂಥ ಕಷ್ಟದ ರಾಗ ಹಿಡಿದು ಒದ್ದಾಡುವುದನ್ನು ನಾನು ಕೇಳಿದ್ದೇನೆ. ಯಾರಿಗೂ ಸುಖ ಇಲ್ಲ ಅದರಲ್ಲಿ, ಊದುವವರಿಗಂತೂ ಮೊದಲೇ ಇಲ್ಲ.

ವರ್ಣ ಪೂಚಿ ಶ್ರೀನಿವಾಸ ಅಯ್ಯಂಗಾರ್ಯರದ್ದು (1860–1919). ಮೋಹನದಲ್ಲಿ ಐದೇ ಸ್ವರ, ಮಧ್ಯಮವೂ ಇಲ್ಲ, ನಿಷಾದವೂ ಇಲ್ಲ. ಬೆರಳಿಗೆ ಹಿತ. ಕಷ್ಟ ಇರುವುದು ಉಸಿರಿನಲ್ಲಿ. ಮೊದಲ ಕಾಲದಲ್ಲಿ ನಿಧಾನವಾಗಿ ಹೋಗುವಾಗ ಒಂದು ಆವರ್ತನ, ಅಂದರೆ ತಾಳದ ಒಂದು ಸುತ್ತು, ಪೂರ್ತಿ ಒಂದೇ ಉಸಿರಿನಲ್ಲಿ ನನಗೆ ಬರುವುದಿಲ್ಲ. ಆದಿತಾಳದಲ್ಲಿ ಮೊದಲು ನಾಲ್ಕು ಎಣಿಕೆಯ ಲಘು, ಆಮೇಲೆ ಎರಡೆರಡು ಎಣಿಕೆಯ ಎರಡು ದ್ರುತ. ಹಾಗಾಗಿ ಲಘು ಮುಗಿಯುವಲ್ಲಿ ಒಂದು ಕಳ್ಳ ಉಸಿರು, ಆವರ್ತನದ ಕೊನೆಯಲ್ಲಿ ಪೂರ್ತಿ ಉಸಿರು ಅಂತ ಇಟ್ಟುಕೊಂಡೆ. ಎರಡನೇ ಕಾಲದಲ್ಲಿ, ಅಂದರೆ ಎರಡು ಪಟ್ಟು ವೇಗದಲ್ಲಿ, ಅದೇ ಉಸಿರಿಗೆ ಇಡೀ ಆವರ್ತನ ಸಿಗುತ್ತದೆ. ಕಳ್ಳ ಉಸಿರು ಅಂದರೆ ಬಾಯಿಯ ಎರಡೂ ಮೂಲೆಗಳಿಂದ ಚುರುಕಾಗಿ ಎಳೆಯುವುದು. ತುಟಿಯ ನಡುವಿನ ಭಾಗ ಕೊಳಲಿನಿಂದ ಏಳಬಾರದು. ಎದ್ದರೆ ವಾಪಸ್ ಕೂರುವಾಗ ಮೊದಲ ಸ್ವರ ಬರೀ ಗಾಳಿಯಾಗಿ ಹೋಗುತ್ತದೆ.

‘ವಾತಾಪಿ’ ಮುತ್ತುಸ್ವಾಮಿ ದೀಕ್ಷಿತರದ್ದು. ಹಂಸಧ್ವನಿ ರಾಗವನ್ನು ಅವರ ತಂದೆ ರಾಮಸ್ವಾಮಿ ದೀಕ್ಷಿತರೇ ಮಾಡಿದ್ದು ಅನ್ನುತ್ತಾರೆ. ಇದರಲ್ಲಿ ಕಾಕಲಿ ನಿಷಾದ (ಮೇಲಿನ ಷಡ್ಜಕ್ಕೆ ಅಂಟಿಕೊಂಡಿರುವ ‘ನಿ’) ಬರುತ್ತದೆ, ಅದಕ್ಕೆ ನಮ್ಮ ಕೊಳಲಿನಲ್ಲಿ ತೂತನ್ನು ಅರ್ಧ ಮಾತ್ರ ತೆರೆಯಬೇಕು. ಬೆರಳನ್ನು ಎತ್ತಿದರೆ ಆಗುವುದಿಲ್ಲ, ಉರುಳಿಸಬೇಕು. ವೇಗದ ಸಂಗತಿಗಳಲ್ಲಿ (ಒಂದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ನುಡಿಸುವುದು) ಈ ಅರ್ಧ ತೂತು ಸರಿಯಾಗಿ ಕೂರಲಿಕ್ಕೆ ನಾನು ತಂಬೂರಿ ಹಾಕಿಕೊಂಡು ನಿಷಾದ, ಷಡ್ಜ ಎರಡೇ ಸ್ವರವನ್ನು ಬಹಳ ಹೊತ್ತು ಊದುತ್ತಿದ್ದೆ. ಮನೆಯವರಿಗೆ ತಲೆನೋವು. ಕಲ್ಪನಾಸ್ವರದ ಲಾಭ ಒಂದಿದೆ: ನಾನು ಒಂದು ಆವರ್ತನ ನುಡಿಸಿದ ಮೇಲೆ ಪಿಟೀಲಿನವರು ಉತ್ತರ ಕೊಡುತ್ತಾರೆ. ಆ ಹೊತ್ತು ನನ್ನ ಶ್ವಾಸಕೋಶಕ್ಕೆ ರಜೆ. ಸುಸ್ತಾಗುವ ಜಾಗಕ್ಕೆ ಸರಿಯಾಗಿ ಸ್ವರ ಹಾಕಿಕೊಂಡರೆ ಮುಂದಿನ ಹಾಡಿಗೆ ದಮ್ಮು ಉಳಿಯುತ್ತದೆ.

ಈಗ ‘ಕೃಷ್ಣಾ ನೀ ಬೇಗನೆ’. ಜಾಸ್ತಿ ಕೆಲಸ ಆದದ್ದು ಇದರ ಮೇಲೆ. ವ್ಯಾಸರಾಯರ ರಚನೆ, ಮಿಶ್ರಛಾಪು ತಾಳ. ಮೂರು ಮತ್ತು ನಾಲ್ಕು ಸೇರಿ ಏಳು ಎಣಿಕೆ. ನಾನು ಮೊದಲು ಕೊಳಲು ಮುಟ್ಟಲಿಲ್ಲ. ಹಾಡನ್ನು ನೋಟ್‌ಪುಸ್ತಕದಲ್ಲಿ ದೊಡ್ಡದಾಗಿ ಬರೆದುಕೊಂಡು ತಾಳ ಹಾಕುತ್ತ ಬಾಯಲ್ಲೇ ಹಾಡಿದೆ. ಎಲ್ಲಿ ಉಸಿರು ತಾನಾಗಿ ಬೇಕಾಗುತ್ತದೋ ಅಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಗೆರೆ. ಪಲ್ಲವಿಯಲ್ಲಿ ‘ಕೃಷ್ಣಾ’ ಆದ ಮೇಲೆ ಉಸಿರು ತೆಗೆಯಬಹುದು, ಕರೆದವರು ಒಂದು ಕ್ಷಣ ನಿಲ್ಲುತ್ತಾರಲ್ಲ, ಹಾಗೆ. ‘ನೀ ಬೇಗನೆ ಬಾರೋ’ ಒಟ್ಟಿಗೆ ಹೋಗಬೇಕು. ‘ಬೇಗ’ ಅಂತ ಊದಿ ಉಸಿರು ತೆಗೆದು ‘ನೆ’ ಅಂದರೆ ಕೃಷ್ಣ ಬರುವುದು ತಡವಾಗುತ್ತದೆ.

ಚರಣದಲ್ಲಿ ಕಾಶಿ ಪೀತಾಂಬರ, ಕೈಯಲ್ಲಿ ಕೊಳಲು ಅಂತ ಬರುತ್ತದೆ. ಅಲ್ಲಿ ಪೀತಾಂಬರಕ್ಕೂ ಕೈಗೂ ನಡುವೆ ಗೆರೆ. ಕೊನೆಯ ಸಾಲಿನಲ್ಲಿ ‘ಜಗದೋದ್ಧಾರಕ ನಮ್ಮ ಉಡುಪಿ ಶ್ರೀಕೃಷ್ಣ’. ಈ ಸಾಲು ಇಡೀ ಒಂದೇ ಉಸಿರಿನಲ್ಲಿ ನನ್ನಿಂದ ಆಗಲಿಲ್ಲ. ‘ಜಗದೋದ್ಧಾರಕ’ ಆದ ಮೇಲೆ ಉಸಿರು ತೆಗೆದು ‘ನಮ್ಮ’ದಿಂದ ಕೊನೆವರೆಗೆ ಅಖಂಡವಾಗಿ ಎಳೆದೆ. ‘ನಮ್ಮ ಉಡುಪಿ’ ಅನ್ನುವುದನ್ನು ಉಡುಪಿಯಲ್ಲೇ ಕೂತು ತುಂಡು ಮಾಡಿದರೆ ಕ್ಷಮೆ ಇಲ್ಲ ಅಲ್ವಾ? ಕಛೇರಿಯಲ್ಲಿ ಆ ಸಾಲು ಬಂದಾಗ ಎಡಗಡೆಯಿಂದ ಯಾರೋ ಗಟ್ಟಿಯಾಗಿಯೇ ಹಾಡಿದರು. ಮೃದಂಗದವರು ನಕ್ಕು ನನ್ನ ಕಡೆ ತಿರುಗಿದರು, ನಾನು ಆ ಸಾಲನ್ನು ಇನ್ನೊಂದು ಸಲ ತೆಗೆದುಕೊಂಡೆ.

ಗೆರೆ ಹಾಕಿದ ಮೇಲೆ ತುತ್ತುಕಾರದ ಲೆಕ್ಕ. ನಾಲಗೆಯಿಂದ ‘ತು’ ಅಂತ ಗಾಳಿಯನ್ನು ತಡೆದು ಬಿಡುವುದು. ಅಕ್ಷರ ಬಿಡಿಸಿ ಕೇಳಿಸುವುದು ಇದರಿಂದ. ಪ್ರತಿ ಅಕ್ಷರಕ್ಕೂ ನಾಲಗೆ ಹೊಡೆದರೆ ಹಾಡು ಟೈಪ್‌ರೈಟರ್ ಆಗುತ್ತದೆ. ಒಂದಕ್ಕೂ ಹೊಡೆಯದಿದ್ದರೆ ಎಲ್ಲ ಕಲಸಿಹೋಗುತ್ತದೆ. ನಾನು ‘ಬೇಗನೆ’ಯಲ್ಲಿ ‘ಬೇ’ಗೆ ಮಾತ್ರ ನಾಲಗೆ ಕೊಟ್ಟು ‘ಗನೆ’ಯನ್ನು ಬೆರಳಿನಿಂದಲೇ ಬಿಡಿಸಿದೆ. ‘ಬಾರೋ’ದ ‘ಬಾ’ಗೆ ತೀರಾ ಮೆಲ್ಲಗೆ, ಕೆಳಗಿನ ಸ್ವರದಿಂದ ಜಾರಿಸಿ. ಕೊಳಲಿನಲ್ಲಿ ಹೀಗೆ ಹಾಡಿದಂತೆ ನುಡಿಸುವ ದಾರಿ ತೋರಿಸಿದವರು ಮಾಲಿ, ಅಂದರೆ ಟಿ.ಆರ್. ಮಹಾಲಿಂಗಂ (1926–1986). ಅವರಿಗೂ ಮೊದಲು ಕುಂಭಕೋಣದ ಶರಭ ಶಾಸ್ತ್ರಿಗಳು ಕೊಳಲನ್ನು ಕಛೇರಿಯ ವಾದ್ಯ ಮಾಡಿದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಮಾಲಿಯವರ ಹಳೆಯ ರೆಕಾರ್ಡಿಂಗ್ ಕೇಳಿ ನೋಡಿ, ನಾಲಗೆ ಎಲ್ಲಿ ಬಿತ್ತು ಅಂತ ಹುಡುಕುವುದೇ ಒಂದು ಪಾಠ.

ಶ್ರುತಿಯ ವಿಷಯಕ್ಕೆ ಬರುತ್ತೇನೆ. ನನ್ನದು ಐದು ಮನೆಯ ಕೊಳಲು, ಅಂದರೆ ಅದರ ಷಡ್ಜ ಪಾಶ್ಚಾತ್ಯ ಸ್ವರಗಳ ಜಿ. ಕರ್ನಾಟಕ ಪದ್ಧತಿಯ ಕೊಳಲಿಗೆ ಊದುವ ತೂತು ಬಿಟ್ಟು ಎಂಟು ತೂತು. ಎರಡು ಮುಚ್ಚಿದರೆ ಷಡ್ಜ. ಹಿಂದೂಸ್ತಾನಿ ಬಾನ್ಸುರಿಯಲ್ಲಿ ಮೂರು ಮುಚ್ಚಬೇಕು, ಹಾಗಾಗಿ ಒಂದನ್ನು ಕಲಿತವರು ಇನ್ನೊಂದನ್ನು ಎತ್ತಿಕೊಂಡರೆ ಬೆರಳು ತಡಬಡಾಯಿಸುತ್ತದೆ. ಐದು ಮನೆಗೆ ಹೆಚ್ಚು ಶ್ರುತಿಯ ಮೃದಂಗ ಬೇಕು. ಗಂಡಸರ ಹಾಡುಗಾರಿಕೆಗೆ ತರುವ ತಗ್ಗು ಶ್ರುತಿಯ ಮೃದಂಗ ಅಷ್ಟು ಮೇಲಕ್ಕೆ ಏರುವುದಿಲ್ಲ. ಮೃದಂಗದವರಿಗೆ ಇದನ್ನು ಮೊದಲೇ ಫೋನ್ ಮಾಡಿ ಹೇಳಿಬಿಡಿ.

ಇನ್ನೊಂದು, ಬಿದಿರಿಗೆ ಪಿಟೀಲಿನ ಹಾಗೆ ತಿರುಗಿಸುವ ಬಿರಡೆ ಇಲ್ಲ. ಶ್ರುತಿ ಕೂಡಿಸಲಿಕ್ಕೆ ಇರುವುದು ತುಟಿ ಮಾತ್ರ. ಕೊಳಲನ್ನು ಒಳಗೆ ತಿರುಗಿಸಿದರೆ ಶ್ರುತಿ ಇಳಿಯುತ್ತದೆ, ಹೊರಗೆ ತಿರುಗಿಸಿದರೆ ಏರುತ್ತದೆ. ಜೋರಾಗಿ ಊದಿದರೂ ಏರುತ್ತದೆ. ಅದರ ಮೇಲೆ ಸೆಕೆ ಬೇರೆ. ಕೊಳಲಿನ ಒಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಮೇಲೆ ಹೋಗುತ್ತದೆ. ಒಂದು ಸ್ವರಸ್ಥಾನದಿಂದ ಪಕ್ಕದ ಸ್ವರಸ್ಥಾನಕ್ಕೆ 100 ಸೆಂಟ್. 24 ಡಿಗ್ರಿಯ ಎಸಿ ಕೋಣೆಯಲ್ಲಿ ಶ್ರುತಿ ನೋಡಿಕೊಂಡು 32 ಡಿಗ್ರಿಯ ವೇದಿಕೆಗೆ ಬಂದರೆ ಹತ್ತಿರ ಹತ್ತಿರ ಕಾಲು ಸ್ವರಸ್ಥಾನದ ವ್ಯತ್ಯಾಸ. ಅದಕ್ಕೇ ನಾನು ವೇದಿಕೆಗೆ ಹೋಗುವ ಮೊದಲು ಹಿಂದೆ ನಿಂತು ಕೊಳಲನ್ನು ಊದಿ ಬಿಸಿ ಮಾಡಿಕೊಂಡೆ. ವೇದಿಕೆಯಲ್ಲಿ ಎಲೆಕ್ಟ್ರಾನಿಕ್ ತಂಬೂರಿಯನ್ನು ಕೊಳಲಿಗೆ ಸರಿಯಾಗಿ ತಿರುಗಿಸಿ, ಆಮೇಲೆ ಪಿಟೀಲು, ಮೃದಂಗ ಕೂಡಿಸಿಕೊಂಡರು. ಹೊಂದಿಕೊಳ್ಳಲಾಗದ ವಾದ್ಯಕ್ಕೆ ಉಳಿದವು ಹೊಂದಿಕೊಳ್ಳಬೇಕು.

ಫ್ಯಾನಿನ ಗಲಾಟೆ ಹೇಳದಿದ್ದರೆ ಆಗುವುದಿಲ್ಲ. ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಉಡುಪಿಯಲ್ಲಿ ಕೂರಲಿಕ್ಕಾಗುವುದಿಲ್ಲ. ಆದರೆ ಪಕ್ಕದಿಂದ ಬೀಸುವ ಸ್ಟ್ಯಾಂಡ್ ಫ್ಯಾನ್ ಕೊಳಲಿಗೆ ಶತ್ರು. ತುಟಿಯಿಂದ ತೂತಿನ ಅಂಚಿಗೆ ಹೋಗುವ ಗಾಳಿ ತೆಳುವಾದ ಒಂದು ಎಳೆ. ಅಡ್ಡಗಾಳಿ ಬಂದರೆ ಅದು ಅಂಚಿಗೆ ಸರಿಯಾಗಿ ತಾಗುವುದೇ ಇಲ್ಲ. ಒಳ್ಳೆಯ ಮನಸ್ಸಿನ ಸ್ವಯಂಸೇವಕರೊಬ್ಬರು ನನಗೆ ಬೆವರುತ್ತದೆ ಅಂತ ಫ್ಯಾನನ್ನು ಮುಖಕ್ಕೇ ತಿರುಗಿಸಿದರು. ವರ್ಣ ಶುರುವಾಗುವ ಮೊದಲೇ ಕೈ ಮುಗಿದು ತಿರುಗಿಸಲು ಹೇಳಿದೆ. ಬೆವರಿಗೆ ಬೇರೆ ಉಪಾಯ: ತೊಡೆಯ ಮೇಲೆ ಒಂದು ಬೈರಾಸು. ಹಾಡುಗಳ ನಡುವೆ ಗಲ್ಲ, ಕೆಳತುಟಿ, ಊದುವ ತೂತಿನ ಸುತ್ತ ಒರೆಸಿಕೊಳ್ಳುವುದು. ಗಲ್ಲ ಜಾರಿದರೆ ತೂತಿನ ಜಾಗ ತಪ್ಪುತ್ತದೆ.

ಮೈಕಿನದ್ದೂ ಹಾಗೆಯೇ. ಬಾಯಿಗೆ ನೇರವಾಗಿ ಇಟ್ಟರೆ ಉಸಿರಿನ ಬುಸುಗುಟ್ಟುವಿಕೆಯೇ ಜಾಸ್ತಿ ಕೇಳುತ್ತದೆ. ತುಟಿಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಬೆರಳುಗಳ ಕಡೆಗೆ ಓರೆಯಾಗಿ ಇಡಿಸಿದೆ. ಧ್ವನಿವರ್ಧಕದವರಿಗೆ ಪ್ರತಿಧ್ವನಿ ತುಂಬಿಸುವ ಹುಚ್ಚು, ಕೊಳಲು ಅಂದ ಕೂಡಲೇ ಬೆಟ್ಟದಲ್ಲಿ ಊದಿದ ಹಾಗೆ ಮಾಡಿಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಬಿಡಿಸಿದ ಅಕ್ಷರಗಳೆಲ್ಲ ಅದರಲ್ಲಿ ಕರಗಿಹೋಗುತ್ತವೆ. ಕಡಿಮೆ ಮಾಡಿ ಅಂತ ಮೊದಲೇ ಹೇಳಿದ್ದೆ, ಮಾಡಿದರು.

ಮಕ್ಕಳ ಗುಂಪಿನ ಶ್ರುತಿ ನೋಡಿಕೊಳ್ಳುವ ಕೆಲಸವೂ ನನ್ನ ಪಾಲಿಗೆ ಬಂದಿತ್ತು. ಅವರು ನುಡಿಸಿದ್ದು ‘ಲಂಬೋದರ’ ಮತ್ತು ‘ವರವೀಣಾ’ ಗೀತೆಗಳು. ಒಂದೇ ಶ್ರುತಿ ಅಂತ ಬರೆದ ಕೊಳಲುಗಳೂ ಒಂದಕ್ಕೊಂದು ಸ್ವಲ್ಪ ಹೆಚ್ಚುಕಮ್ಮಿ ಇರುತ್ತವೆ. ಒಬ್ಬೊಬ್ಬರಿಂದ ಪಂಚಮ ಊದಿಸಿ, ಏರುವವರಿಗೆ ಕೊಳಲನ್ನು ಸ್ವಲ್ಪ ಒಳಗೆ ತಿರುಗಿಸಲು ಹೇಳಿದೆ. ಹೆಚ್ಚಿನವರಿಗೆ ಅದೂ ಬೇಕಾಗಲಿಲ್ಲ. ಮೆಲ್ಲಗೆ ಊದು ಅಂದರೆ ಸಾಕು, ಶ್ರುತಿ ತಾನೇ ಕೆಳಗೆ ಬರುತ್ತದೆ. ಅಪ್ಪ ಅಮ್ಮ ವಿಡಿಯೋ ಹಿಡಿದ ಕೂಡಲೇ ಮತ್ತೆ ಜೋರು.

ಕಛೇರಿ ಆಗಿ ಸ್ವಲ್ಪ ದಿನಕ್ಕೆ ಮಳೆ ಹಿಡಿಯಿತು. ಇನ್ನು ಕೊಳಲಿಗೆ ಬೂಸ್ಟು ಬರುವ ಕಾಲ. ಊದಿದ ಮೇಲೆ ತೆಳು ಕಡ್ಡಿಗೆ ಹತ್ತಿಬಟ್ಟೆ ಸುತ್ತಿ ಒಳಗೆ ಒರೆಸುತ್ತೇನೆ. ಪ್ಲಾಸ್ಟಿಕ್ ಚೀಲಕ್ಕೆ ಹಾಕುವುದಿಲ್ಲ, ಬಟ್ಟೆಯ ಚೀಲ ಸಾಕು. ಒಣ ಹವೆಯ ಊರಿಗೆ ಹೋಗುವಾಗ ಮಾತ್ರ ಭಯ, ಬಿದಿರು ಸೀಳುತ್ತದೆ. ಅದಕ್ಕೆ ಅಲ್ಲಲ್ಲಿ ನೂಲು ಸುತ್ತಿಸಿದ್ದೇನೆ.

ಗುರುಗಳು ಈಗ ಕಾಪಿ ರಾಗದ ‘ಜಗದೋದ್ಧಾರನ’ ಶುರು ಮಾಡಿಸಿದ್ದಾರೆ. ಪುರಂದರದಾಸರದ್ದು. ‘ಆಡಿಸಿದಳೆಶೋದೆ’ ಒಂದೇ ಉಸಿರಿನಲ್ಲಿ ಬರಬೇಕು ಅನ್ನುತ್ತಾರೆ ಅವರು. ‘ಆಡಿಸಿದಳು’ ಆದ ಮೇಲೆ ಒಂದು ಕಳ್ಳ ಉಸಿರು ತೆಗೆದರೆ ಏನು ತಪ್ಪು ಅಂತ ನಾನು. ಯಶೋದೆ ಎಲ್ಲಿ ಹೋದಳು ಅಂತ ಅವರು. ಸದ್ಯಕ್ಕೆ ನೋಟ್‌ಪುಸ್ತಕದಲ್ಲಿ ಅಲ್ಲಿ ಪೆನ್ಸಿಲ್ ಗೆರೆ ಒಂದು ದಿನ ಇರುತ್ತದೆ, ಇನ್ನೊಂದು ದಿನ ಅಳಿಸಿಹೋಗಿರುತ್ತದೆ.