ಅಪ್‌ಗ್ರೇಡ್ ಆದ ಮೇಲೆ ಪರದೆ ಕಪ್ಪಾದರೆ: ಚಿತ್ರ ಯಾವ ಹಂತದಲ್ಲಿ ನಿಂತಿತೆಂದು ಮೊದಲು ನೋಡಿ

ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂ ಅನ್ನು ಹೊಸ ಆವೃತ್ತಿಗೆ ಅಪ್‌ಗ್ರೇಡ್ ಮಾಡಿದ ನಂತರ ಪರದೆ ಪೂರ್ತಿ ಕಪ್ಪಾಗಬಹುದು, ಅಕ್ಷರಗಳೂ ಐಕಾನ್‌ಗಳೂ ವಿಪರೀತ ದೊಡ್ಡದಾಗಿ ಕಾಣಬಹುದು, ಎರಡನೆಯ ಮಾನಿಟರ್ ಗುರುತು ಸಿಗದೆ ಹೋಗಬಹುದು ಅಥವಾ ಚಿತ್ರ ಬಿಟ್ಟು ಬಿಟ್ಟು ಮಿನುಗಬಹುದು. ಇವು ನೋಡುವುದಕ್ಕೆ ಬೇರೆ ಬೇರೆ ತೊಂದರೆಗಳಾದರೂ ಹೆಚ್ಚಿನ ಸಂದರ್ಭಗಳಲ್ಲಿ ಮೂಲ ಒಂದೇ ಆಗಿರುತ್ತದೆ: ಗ್ರಾಫಿಕ್ಸ್ ಚಿಪ್ ಮತ್ತು ಆಪರೇಟಿಂಗ್ ಸಿಸ್ಟಂ ನಡುವೆ ನಿಂತು ಕೆಲಸ ಮಾಡುವ ಡ್ರೈವರ್ ಹೊಸ ಆವೃತ್ತಿಗೆ ಹೊಂದಿಕೊಂಡಿಲ್ಲ, ಅರ್ಧಕ್ಕೆ ಇನ್‌ಸ್ಟಾಲ್ ಆಗಿದೆ ಅಥವಾ ಲೋಡ್ ಆಗಲು ಅದಕ್ಕೆ ಅನುಮತಿ ಸಿಕ್ಕಿಲ್ಲ. ಡಿಸ್ಕಿನಲ್ಲಿರುವ ಕಡತಗಳಿಗೂ ಈ ತೊಂದರೆಗೂ ಸಾಮಾನ್ಯವಾಗಿ ಸಂಬಂಧವಿರುವುದಿಲ್ಲ. ಗಾಬರಿಯಲ್ಲಿ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ವರ್ಷಗಳ ಫೋಟೊ, ದಾಖಲೆಗಳನ್ನು ಕಳೆದುಕೊಳ್ಳುವುದೇ ಇಲ್ಲಿ ಆಗಬಹುದಾದ ಅತಿ ದೊಡ್ಡ ನಷ್ಟವಾಗಿದ್ದು, ಅದನ್ನು ತಪ್ಪಿಸುವುದು ಈ ಬರಹದ ಮೊದಲ ಉದ್ದೇಶ.

ಏನನ್ನೂ ಬದಲಾಯಿಸುವ ಮೊದಲು, ಕಂಪ್ಯೂಟರ್ ನಿಜವಾಗಿ ಕೆಲಸ ನಿಲ್ಲಿಸಿದೆಯೇ ಎಂದು ತಿಳಿದುಕೊಳ್ಳಬೇಕು. ದೊಡ್ಡ ಅಪ್‌ಗ್ರೇಡ್ ಮುಗಿದ ನಂತರದ ಮೊದಲ ಆರಂಭ ಎಂದಿಗಿಂತ ನಿಧಾನವಾಗಿರುತ್ತದೆ ಮತ್ತು ನಡುವೆ ಹಲವು ಸಲ ರೀಸ್ಟಾರ್ಟ್ ಆಗುತ್ತದೆ. ಡಿಸ್ಕಿನ ದೀಪ ಮಿನುಗುತ್ತಿದ್ದರೆ ವಿದ್ಯುತ್ ಕಡಿತಗೊಳಿಸದೆ ಕಾಯುವುದೇ ಸರಿ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿದಾಗ ಅದರ ದೀಪ ಹೊತ್ತಿ ಆರಿದರೆ ಸಿಸ್ಟಂ ಜೀವಂತವಾಗಿದೆ, ಚಿತ್ರ ಮಾತ್ರ ಹೊರಗೆ ಬರುತ್ತಿಲ್ಲ ಎಂದು ಅರ್ಥಮಾಡಿಕೊಳ್ಳಬಹುದು. ದೀಪ ಅಲುಗಾಡದಿದ್ದರೆ ಸಿಸ್ಟಂ ಮಧ್ಯದಲ್ಲೇ ಸಿಕ್ಕಿಹಾಕಿಕೊಂಡಿರುವ ಸಾಧ್ಯತೆ ಹೆಚ್ಚು.

ಚಿತ್ರ ನಿಂತ ಹಂತ

ಪವರ್ ಬಟನ್ ಒತ್ತಿದ ಕ್ಷಣದಿಂದ ಡೆಸ್ಕ್‌ಟಾಪ್ ಮೂಡುವವರೆಗೆ ಪರದೆಯ ಹೊಣೆ ಒಬ್ಬರಿಂದ ಒಬ್ಬರಿಗೆ ವರ್ಗಾವಣೆಯಾಗುತ್ತ ಹೋಗುತ್ತದೆ. ಮೊದಲು ಕಂಪ್ಯೂಟರ್ ತಯಾರಕರ ಲೋಗೊ ಕಾಣುತ್ತದೆ. ಅದನ್ನು ತೋರಿಸುವುದು ಮದರ್‌ಬೋರ್ಡಿನಲ್ಲಿರುವ ಬಯಾಸ್ ಅಥವಾ ಯುಇಎಫ್‌ಐ ಫರ್ಮ್‌ವೇರ್, ಅಂದರೆ ಯಂತ್ರದಲ್ಲೇ ಅಡಕವಾಗಿರುವ ಆರಂಭದ ತಂತ್ರಾಂಶ. ನಂತರ ಆಪರೇಟಿಂಗ್ ಸಿಸ್ಟಂ ತನ್ನ ಲೋಡಿಂಗ್ ಚಿಹ್ನೆಯನ್ನು ತೋರಿಸುವಾಗ ಸಾಮಾನ್ಯವಾಗಿ ಫರ್ಮ್‌ವೇರ್ ಸಿದ್ಧಪಡಿಸಿಕೊಟ್ಟ ಸರಳ ಚಿತ್ರವ್ಯವಸ್ಥೆಯನ್ನೇ ಬಳಸಿಕೊಳ್ಳುತ್ತದೆ. ಅದಾದ ಮೇಲೆ ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗಿ ಚಿಪ್ಪಿನ ಹತೋಟಿಯನ್ನು ತಾನು ತೆಗೆದುಕೊಳ್ಳುತ್ತದೆ, ಕೊನೆಯಲ್ಲಿ ಲಾಗಿನ್ ಪರದೆಯೂ ಡೆಸ್ಕ್‌ಟಾಪ್ ಕೂಡ ಬರುತ್ತವೆ.

ಈ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ಕಂಪ್ಯೂಟರನ್ನು ಆರಂಭದಿಂದ ಗಮನವಿಟ್ಟು ನೋಡಿದರೆ ಅರ್ಧ ಉತ್ತರ ಸಿಕ್ಕಂತೆಯೇ. ತಯಾರಕರ ಲೋಗೊ ಕೂಡ ಕಾಣದಿದ್ದರೆ ಆಪರೇಟಿಂಗ್ ಸಿಸ್ಟಂ ಇನ್ನೂ ರಂಗಕ್ಕೇ ಬಂದಿಲ್ಲ, ಆದ್ದರಿಂದ ಡ್ರೈವರನ್ನು ಹುಡುಕುತ್ತ ಕೂರುವುದು ವ್ಯರ್ಥ. ಕೇಬಲ್, ಮಾನಿಟರ್, ಗ್ರಾಫಿಕ್ಸ್ ಕಾರ್ಡ್‌ಗಳನ್ನು ನೋಡಬೇಕು. ಲೋಗೊ ಬಂದು, ಲೋಡಿಂಗ್ ಚಿಹ್ನೆಯೂ ಬಂದು, ಲಾಗಿನ್ ಪರದೆ ಬರಬೇಕಾದ ಹೊತ್ತಿಗೆ ಚಿತ್ರ ಮಾಯವಾದರೆ ಡ್ರೈವರ್ ಮೇಲೆ ಅನುಮಾನ ಪಡಲು ಬಲವಾದ ಕಾರಣವಿದೆ. ಲಾಗಿನ್ ಆದ ಮೇಲೆ ಮಾತ್ರ ಕಪ್ಪಾಗಿ ಮೌಸ್ ಬಾಣ ಒಂದೇ ಉಳಿದಿದ್ದರೆ ಡ್ರೈವರ್ ಹೆಚ್ಚುಕಡಿಮೆ ಸರಿಯಿದ್ದು, ಡೆಸ್ಕ್‌ಟಾಪ್ ತೋರಿಸುವ ಪ್ರೋಗ್ರಾಂ ಎದ್ದಿಲ್ಲ ಎನ್ನಬಹುದು. ಈ ಮೂರರಲ್ಲಿ ನಿಮ್ಮದು ಯಾವುದು ಎಂಬುದನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮುಂದೆ ಬೇರೆಯವರ ಸಹಾಯ ಕೇಳುವಾಗಲೂ ಅವರಿಗೆ ಮೊದಲು ಬೇಕಾಗುವ ಮಾಹಿತಿ ಇದೇ.

ಹೊರಗಿನ ತಪಾಸಣೆಗೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿ ಕೇಬಲ್ ಆ ಕಾರ್ಡಿಗೇ ಸೇರಿದೆಯೇ, ಮದರ್‌ಬೋರ್ಡಿನ ಪೋರ್ಟಿಗೆ ಸೇರಿದೆಯೇ ಎಂದು ನೋಡಿ. ಡಾಕ್, ಅಡಾಪ್ಟರ್, ಎರಡನೆಯ ಮಾನಿಟರ್ ಎಲ್ಲವನ್ನೂ ತೆಗೆದು ಒಂದೇ ಮಾನಿಟರನ್ನು ನೇರ ಕೇಬಲ್ಲಿನಿಂದ ಜೋಡಿಸಿ. ಲ್ಯಾಪ್‌ಟಾಪ್ ಆಗಿದ್ದರೆ ಕತ್ತಲೆಯಲ್ಲಿ ಪರದೆಯ ಮೇಲೆ ಓರೆಯಾಗಿ ಟಾರ್ಚ್ ಬಿಟ್ಟು ನೋಡಬಹುದು; ಮಸುಕಾಗಿ ಐಕಾನ್‌ಗಳು ಕಂಡರೆ ಚಿತ್ರ ಬರುತ್ತಿದೆ, ಹಿಂಬದಿಯ ಬೆಳಕು ಮಾತ್ರ ಆರಿದೆ, ಹಾಗಾಗಿ ಮೊದಲು ಬ್ರೈಟ್‌ನೆಸ್ ಕೀಲಿಗಳನ್ನು ಒತ್ತಿ ನೋಡಬೇಕು. ಮಾನಿಟರ್ ತಾನೇ ತೋರಿಸುವ ಸಂದೇಶಕ್ಕೂ ಬೆಲೆಯಿದೆ. ಸಿಗ್ನಲ್ ಇಲ್ಲ ಎಂದರೆ ಕಂಪ್ಯೂಟರಿನಿಂದ ಏನೂ ಬರುತ್ತಿಲ್ಲ. ಔಟ್ ಆಫ್ ರೇಂಜ್ ಎಂದರೆ ಚಿತ್ರ ಬರುತ್ತಿದೆ, ಆದರೆ ಆ ರೆಸಲ್ಯೂಷನ್ ಅಥವಾ ರಿಫ್ರೆಶ್ ದರವನ್ನು ತೋರಿಸಲು ಮಾನಿಟರಿಗೆ ಸಾಧ್ಯವಿಲ್ಲ. ಇದು ಕೇವಲ ಸೆಟ್ಟಿಂಗ್ ತಪ್ಪು, ಯಾವ ಭಾಗವೂ ಕೆಟ್ಟಿಲ್ಲ.

ವಿಂಡೋಸ್‌ನಲ್ಲಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಕಾರಣ, ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಹೋಗುವುದು ಈಗ ಸಾಮಾನ್ಯವಾಗಿದೆ. ವಿಂಡೋಸ್ 11 ಡೈರೆಕ್ಟ್‌ಎಕ್ಸ್ 12ಕ್ಕೆ ಹೊಂದುವ ಗ್ರಾಫಿಕ್ಸ್ ಚಿಪ್ ಮತ್ತು ಡಬ್ಲ್ಯುಡಿಡಿಎಂ 2.0 (ವಿಂಡೋಸ್ ಗ್ರಾಫಿಕ್ಸ್ ಡ್ರೈವರುಗಳ ಮಾನದಂಡ) ಮಾದರಿಯ ಡ್ರೈವರ್ ಬೇಕೆಂದು ಕೇಳುತ್ತದೆ. ಈ ತಪಾಸಣೆಯನ್ನು ಬದಿಗೊತ್ತಿ ಅಪ್‌ಗ್ರೇಡ್ ಮಾಡಿದ ಯಂತ್ರಗಳಲ್ಲಿ ಪರದೆಯ ತೊಂದರೆ ಬಂದರೆ ಆಶ್ಚರ್ಯಪಡಬೇಕಾಗಿಲ್ಲ.

ಮೊದಲು ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ. ಇದು ಗ್ರಾಫಿಕ್ಸ್ ಡ್ರೈವರನ್ನು ಮರುಚಾಲನೆ ಮಾಡುತ್ತದೆ. ಪರದೆ ಕ್ಷಣಕಾಲ ಮಿನುಗಿ ಒಂದು ಸಣ್ಣ ಸದ್ದು ಕೇಳಬಹುದು, ತೆರೆದಿಟ್ಟ ಕೆಲಸಕ್ಕೆ ಧಕ್ಕೆಯಾಗುವುದಿಲ್ಲ. ಜೋಡಿಸದೇ ಇರುವ ಮಾನಿಟರಿಗೆ ಚಿತ್ರ ಹೋಗುತ್ತಿರಬಹುದೆಂಬ ಸಂಶಯವಿದ್ದರೆ ವಿಂಡೋಸ್ ಮತ್ತು ಪಿ ಕೀಲಿಗಳಿಂದ ಪರದೆಯ ಆಯ್ಕೆಯನ್ನು ಬದಲಾಯಿಸಬಹುದು. ಮೌಸ್ ಬಾಣ ಮಾತ್ರ ಕಾಣುತ್ತಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅಲ್ಲಿ ಹೊಸ ಟಾಸ್ಕ್ ಆಗಿ ಎಕ್ಸ್‌ಪ್ಲೋರರ್ ಅನ್ನು ಚಾಲನೆ ಮಾಡಿ ನೋಡಿ.

ಇದರಿಂದ ಆಗದಿದ್ದರೆ, ಅತ್ಯಗತ್ಯ ಭಾಗಗಳಷ್ಟೇ ಲೋಡ್ ಆಗುವ ಸೇಫ್ ಮೋಡ್‌ಗೆ ಹೋಗಬೇಕು. ಲಾಗಿನ್ ಪರದೆ ಕಾಣುತ್ತಿದ್ದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿದರೆ ಸಾಕು, ದುರಸ್ತಿ ಪರದೆ ತೆರೆಯುತ್ತದೆ. ಏನೂ ಕಾಣದಿದ್ದರೆ, ಅಪ್‌ಗ್ರೇಡ್ ನಿಜವಾಗಿ ಮುಗಿದಿದೆ ಎಂದು ಖಚಿತವಾದ ಮೇಲೆ ಮಾತ್ರ, ಕಂಪ್ಯೂಟರ್ ಆನ್ ಮಾಡಿ ವಿಂಡೋಸ್ ಲೋಡ್ ಆಗತೊಡಗಿದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಸತತವಾಗಿ ಮಾಡಿದರೆ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆಯನ್ನು ತೆರೆಯುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ದಾರಿಯಲ್ಲಿ ಹೋಗಿ ರೀಸ್ಟಾರ್ಟ್ ಮಾಡಿದ ನಂತರ ಬರುವ ಪಟ್ಟಿಯಲ್ಲಿ 4 ಸೇಫ್ ಮೋಡ್‌ಗೆ, 5 ನೆಟ್‌ವರ್ಕ್ ಸಹಿತ ಸೇಫ್ ಮೋಡ್‌ಗೆ, 3 ಕಡಿಮೆ ರೆಸಲ್ಯೂಷನ್ನಿನ ಆರಂಭಕ್ಕೆ. ಮಾನಿಟರ್ ಔಟ್ ಆಫ್ ರೇಂಜ್ ಎನ್ನುತ್ತಿದ್ದರೆ 3 ಸಾಕಾಗುತ್ತದೆ. ಡಿಸ್ಕ್ ವಿಂಡೋಸ್‌ನ ಬಿಟ್‌ಲಾಕರ್‌ನಿಂದ ಎನ್‌ಕ್ರಿಪ್ಟ್ (ಗೂಢಲಿಪಿಯಲ್ಲಿ ಭದ್ರ) ಆಗಿದ್ದರೆ ಈ ದಾರಿಯಲ್ಲಿ 48 ಅಂಕಿಗಳ ರಿಕವರಿ ಕೀ ಕೇಳುವ ಸಾಧ್ಯತೆಯಿದೆ. ಹೆಚ್ಚಿನವರ ಕೀ ಅವರ ಮೈಕ್ರೋಸಾಫ್ಟ್ ಖಾತೆಯಲ್ಲೇ ಉಳಿದಿರುವುದರಿಂದ ಫೋನಿನಿಂದ ಲಾಗಿನ್ ಆಗಿ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ಸೇಫ್ ಮೋಡ್‌ನಲ್ಲಿ ವಿಂಡೋಸ್ ತಯಾರಕರ ಡ್ರೈವರನ್ನು ಬಿಟ್ಟು ತನ್ನದೇ ಸರಳ ಡ್ರೈವರನ್ನು ಬಳಸುತ್ತದೆ. ಅಲ್ಲಿ ಚಿತ್ರ ಸ್ಥಿರವಾಗಿ ನಿಂತರೆ ಕಾರ್ಡೂ ಕೇಬಲ್ಲೂ ಬಹುಮಟ್ಟಿಗೆ ಸರಿಯಾಗಿವೆ ಎಂದು ಧೈರ್ಯ ತಂದುಕೊಳ್ಳಬಹುದು. ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಬಾಳುವ ಸುಳಿವು ಇನ್ನೊಂದಿಲ್ಲ. ಆಗ ಡಿವೈಸ್ ಮ್ಯಾನೇಜರಿನ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗ ತೆರೆದು, ಚಿಪ್ಪಿನ ಪ್ರಾಪರ್ಟೀಸ್‌ಗೆ ಹೋಗಿ, ಡ್ರೈವರ್ ಪುಟದಲ್ಲಿ ರೋಲ್ ಬ್ಯಾಕ್ ಡ್ರೈವರ್ ಎಂಬುದು ಒತ್ತುವಂತಿದ್ದರೆ ಮೊದಲು ಅದನ್ನೇ ಬಳಸಿ. ಅದು ಮಂಕಾಗಿದ್ದರೆ ಹಳೆಯ ಡ್ರೈವರ್ ಉಳಿದಿಲ್ಲ. ಆಗ ಡ್ರೈವರ್ ಕಡತಗಳನ್ನೂ ತೆಗೆದುಹಾಕುವ ಆಯ್ಕೆಗೆ ಗುರುತು ಹಾಕಿ ಅನ್‌ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಆದ ಮೇಲೆ ಹೊಸದನ್ನು ಹಾಕಬೇಕು. ಲ್ಯಾಪ್‌ಟಾಪ್ ಆದರೆ ಡ್ರೈವರನ್ನು ಮೊದಲು ಲ್ಯಾಪ್‌ಟಾಪ್ ತಯಾರಕರ ಪುಟದಿಂದ ತರುವುದು ಲೇಸೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಮಾದರಿಗಳಲ್ಲಿ ಅವೆರಡರ ನಡುವಿನ ಹೊಂದಾಣಿಕೆಯನ್ನು ಪರೀಕ್ಷಿಸಿದ್ದು ಅವರೇ. ಡೆಸ್ಕ್‌ಟಾಪ್ ಆದರೆ ಇಂಟೆಲ್, ಎಎಂಡಿ, ಎನ್‌ವಿಡಿಯಾ ಪುಟಗಳಿಂದ ನೇರವಾಗಿ ತರಬಹುದು. ಡ್ರೈವರನ್ನು ಹುಡುಕಿಕೊಡುತ್ತೇವೆ ಎನ್ನುವ ಅಪರಿಚಿತ ತಂತ್ರಾಂಶಗಳನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ.

ಪರದೆ ಕಾಣುತ್ತಿದ್ದರೂ ಎಲ್ಲವೂ ದೊಡ್ಡದಾಗಿದ್ದು ರೆಸಲ್ಯೂಷನ್ ಬದಲಾಯಿಸಲು ಆಗದಿದ್ದರೆ ಅದೇ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗದಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂಬ ಹೆಸರು ಇದೆಯೇ ನೋಡಿ. ಇದ್ದರೆ ನಿಜವಾದ ಡ್ರೈವರ್ ಲೋಡ್ ಆಗಿಯೇ ಇಲ್ಲ. ಇನ್ನೊಂದು ವಿಷಯವನ್ನು ಹಲವರು ಗಮನಿಸುವುದಿಲ್ಲ: ಫಾಸ್ಟ್ ಸ್ಟಾರ್ಟ್‌ಅಪ್ ಚಾಲ್ತಿಯಲ್ಲಿದ್ದರೆ ಶಟ್ ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಡ್ರೈವರುಗಳ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಮುಂದಿನ ಸಲ ಅದನ್ನೇ ಓದಿಕೊಳ್ಳುತ್ತದೆ. ಹಾಗಾಗಿ ಡ್ರೈವರ್ ಬದಲಿಸಿದ ಮೇಲೆ ಶಟ್ ಡೌನ್ ಬದಲು ರೀಸ್ಟಾರ್ಟ್ ಮಾಡಿಯೇ ಪರೀಕ್ಷಿಸಬೇಕು.

ಲಿನಕ್ಸ್‌ನಲ್ಲಿ

ಲಿನಕ್ಸ್‌ನಲ್ಲಿ ಇಂಟೆಲ್ ಮತ್ತು ಎಎಂಡಿ ಚಿಪ್‌ಗಳ ಡ್ರೈವರ್ ಸಿಸ್ಟಂನ ತಿರುಳಾದ ಕರ್ನೆಲ್ಲಿನ ಜೊತೆಗೇ ಬರುವುದರಿಂದ ತೊಂದರೆ ಕಡಿಮೆ. ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಬಳಸುವವರಿಗೆ ಸ್ಥಿತಿ ಬೇರೆ: ಅದರ ಮಾಡ್ಯೂಲ್ (ಕರ್ನೆಲ್ಲಿಗೆ ಸೇರಿಕೊಳ್ಳುವ ತುಣುಕು) ಪ್ರತಿಯೊಂದು ಕರ್ನೆಲ್ಲಿಗೂ ಹೊಂದುವಂತೆ ಮತ್ತೆ ಸಿದ್ಧವಾಗಬೇಕು. ಅಪ್‌ಗ್ರೇಡ್ ವೇಳೆ ಆ ಕೆಲಸ ವಿಫಲವಾದರೆ ಅಥವಾ ಬೂಟ್ ವಿಭಾಗದಲ್ಲಿ ಜಾಗ ಸಾಲದೆ ಅರ್ಧಕ್ಕೆ ನಿಂತರೆ ಪರದೆ ಕಪ್ಪಾಗುತ್ತದೆ. ಮೊದಲು ಕಂಟ್ರೋಲ್, ಆಲ್ಟ್, ಎಫ್3 ಒತ್ತಿ ನೋಡಿ. ಅಕ್ಷರಗಳ ಲಾಗಿನ್ ಬಂದರೆ ಸಿಸ್ಟಂ ಪೂರ್ತಿ ಎದ್ದಿದೆ, ಕೆಟ್ಟಿರುವುದು ಚಿತ್ರದ ಭಾಗ ಮಾತ್ರ, ಅಲ್ಲಿಂದಲೇ ದುರಸ್ತಿ ಮಾಡಬಹುದು.

ಅದೂ ಬಾರದಿದ್ದರೆ ಆರಂಭದಲ್ಲಿ ಗ್ರಬ್ ಪಟ್ಟಿಯನ್ನು, ಅಂದರೆ ಯಾವ ಸಿಸ್ಟಂ ಅಥವಾ ಕರ್ನೆಲ್ ಲೋಡ್ ಆಗಬೇಕೆಂದು ಆರಿಸುವ ಪಟ್ಟಿಯನ್ನು, ತರಬೇಕು. ಉಬುಂಟುವಿನಲ್ಲಿ ಹಳೆಯ ಬಯಾಸ್ ಆದರೆ ಶಿಫ್ಟ್, ಯುಇಎಫ್‌ಐ ಆದರೆ ಎಸ್ಕೇಪ್ ಒತ್ತಿದರೆ ಅದು ಬರುತ್ತದೆ. ಅಡ್ವಾನ್ಸ್‌ಡ್ ಆಪ್ಷನ್ಸ್ ಒಳಗೆ ಹಿಂದಿನ ಕರ್ನೆಲ್ ಉಳಿದಿದ್ದರೆ ಅದನ್ನು ಆರಿಸಿ ನೋಡುವುದು ಅತ್ಯಂತ ಸುರಕ್ಷಿತ ಪರೀಕ್ಷೆ, ಏಕೆಂದರೆ ಇದರಿಂದ ಯಾವ ಸೆಟ್ಟಿಂಗೂ ಬದಲಾಗುವುದಿಲ್ಲ. ಹಳೆಯ ಕರ್ನೆಲ್ ಸರಿಯಾಗಿ ಚಿತ್ರ ತೋರಿಸಿದರೆ ಹೊಸ ಕರ್ನೆಲ್ಲಿಗೆ ಮಾಡ್ಯೂಲ್ ಸಿದ್ಧವಾಗಿಲ್ಲ ಎಂಬ ಊಹೆ ಗಟ್ಟಿಯಾಗುತ್ತದೆ. ಅದಿಲ್ಲದಿದ್ದರೆ ಗ್ರಬ್‌ನಲ್ಲಿ ಇ ಕೀಲಿ ಒತ್ತಿ, ಲಿನಕ್ಸ್ ಎಂಬ ಪದದಿಂದ ಆರಂಭವಾಗುವ ಸಾಲಿನ ಕೊನೆಯಲ್ಲಿ ಒಂದು ಜಾಗ ಬಿಟ್ಟು ನೋಮೋಡ್‌ಸೆಟ್ (nomodeset) ಎಂದು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಒಂದೇ ಪದವಾಗಿ ಸೇರಿಸಿ ಎಫ್10 ಒತ್ತಿ. ಕರ್ನೆಲ್ ಗ್ರಾಫಿಕ್ಸ್ ಡ್ರೈವರಿನ ಗೊಡವೆಗೆ ಹೋಗದೆ ಸರಳ ಚಿತ್ರವನ್ನೇ ತೋರಿಸುತ್ತದೆ. ಈ ಬದಲಾವಣೆ ಆ ಒಂದು ಸಲದ ಆರಂಭಕ್ಕೆ ಮಾತ್ರ ಸೀಮಿತ. ಇದನ್ನೇ ಶಾಶ್ವತ ಪರಿಹಾರವೆಂದು ಉಳಿಸಿಕೊಳ್ಳಬಾರದು, ಏಕೆಂದರೆ ಚಿತ್ರದ ಭಾರವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ.

ಮಾಡ್ಯೂಲ್ ಸಿದ್ಧವಾಗಿದ್ದೂ ಲೋಡ್ ಆಗದಿದ್ದರೆ ಆರಂಭದಲ್ಲಿ ತಂತ್ರಾಂಶಗಳ ಸಹಿ ಪರಿಶೀಲಿಸುವ ಭದ್ರತಾ ವ್ಯವಸ್ಥೆಯಾದ ಸೆಕ್ಯೂರ್ ಬೂಟ್ ಕಡೆಗೆ ನೋಡಿ. ಅದು ಚಾಲ್ತಿಯಲ್ಲಿದ್ದಾಗ ನಂಬಿಕೆಯ ಸಹಿ ಇಲ್ಲದ ಮಾಡ್ಯೂಲನ್ನು ಕರ್ನೆಲ್ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ; ಅಪ್‌ಗ್ರೇಡ್ ನಂತರದ ರೀಸ್ಟಾರ್ಟಿನಲ್ಲಿ ಬರುವ ನೀಲಿ ಪರದೆಯಲ್ಲಿ ಕೀ ನೋಂದಣಿ ಮಾಡದೆ ಮುಂದೆ ಹೋದವರಿಗೆ ಹೀಗಾಗುತ್ತದೆ. ಲಾಗಿನ್ ಪರದೆ ಬಂದು ಪಾಸ್‌ವರ್ಡ್ ಕೊಟ್ಟ ಮೇಲೆ ಮತ್ತೆ ಅಲ್ಲಿಗೇ ಹಿಂದಿರುಗುತ್ತಿದ್ದರೆ, ಮೂಲೆಯಲ್ಲಿರುವ ಸೆಷನ್ ಆಯ್ಕೆಯಲ್ಲಿ ಪರದೆಗೆ ಚಿತ್ರ ಮೂಡಿಸುವ ಎರಡು ವ್ಯವಸ್ಥೆಗಳಲ್ಲಿ ವೇಲ್ಯಾಂಡ್ ಬದಲು ಎಕ್ಸ್11 ಅನ್ನು, ಅದು ಲಭ್ಯವಿದ್ದರೆ, ಆರಿಸಿ ನೋಡಬಹುದು.

ಮ್ಯಾಕ್ ಬಗ್ಗೆ ಹೇಳುವುದು ಕಡಿಮೆ, ಏಕೆಂದರೆ ಅಲ್ಲಿ ಡ್ರೈವರ್ ಆಪರೇಟಿಂಗ್ ಸಿಸ್ಟಂನ ಭಾಗವೇ ಆಗಿದ್ದು ಬಳಕೆದಾರರ ಕೈಗೆ ಬರುವುದಿಲ್ಲ. ಆಪಲ್ ಚಿಪ್ ಇರುವ ಮ್ಯಾಕ್‌ನಲ್ಲಿ ಆರಂಭದ ಆಯ್ಕೆಗಳು ಬರುವವರೆಗೆ ಪವರ್ ಬಟನ್ ಹಿಡಿದು, ಡಿಸ್ಕ್ ಆರಿಸಿ, ಶಿಫ್ಟ್ ಹಿಡಿದು ಸೇಫ್ ಮೋಡ್‌ಗೆ ಹೋಗಬೇಕು. ಇಂಟೆಲ್ ಮ್ಯಾಕ್‌ನಲ್ಲಿ ಆರಂಭದಿಂದಲೇ ಶಿಫ್ಟ್ ಹಿಡಿದರೆ ಸಾಕು. ಇಂಟೆಲ್ ಮಾದರಿಗಳಲ್ಲಿ ಆಪ್ಷನ್, ಕಮ್ಯಾಂಡ್, ಪಿ, ಆರ್ ಕೀಲಿಗಳನ್ನು ಸುಮಾರು 20 ಸೆಕೆಂಡ್ ಹಿಡಿದು ಎನ್‌ವಿರ್ಯಾಮ್ (ಕೆಲವು ಸೆಟ್ಟಿಂಗ್‌ಗಳನ್ನು ನೆನಪಿಟ್ಟುಕೊಳ್ಳುವ ಪುಟ್ಟ ಮೆಮೊರಿ) ತೆರವುಗೊಳಿಸಿದರೆ ತಪ್ಪು ರೆಸಲ್ಯೂಷನ್ ಸರಿಯಾಗುವುದುಂಟು. ಯುಎಸ್‌ಬಿ ಮೂಲಕ ಚಿತ್ರ ಕಳುಹಿಸುವ ಡಿಸ್‌ಪ್ಲೇಲಿಂಕ್ ಬಳಸುವ ಡಾಕ್ ಇದ್ದರೆ ಅದರ ಹೊಸ ತಂತ್ರಾಂಶ ಹಾಕಿ, ಸ್ಕ್ರೀನ್ ರೆಕಾರ್ಡಿಂಗ್ ಅನುಮತಿ ಕೊಟ್ಟಿದೆಯೇ ನೋಡಿ.

ಹಿಂದಕ್ಕೆ ಹೋಗುವ ತೀರ್ಮಾನ

ಚಿತ್ರ ಮರಳಿದ ಕೂಡಲೇ, ಅದು ಸೇಫ್ ಮೋಡ್‌ನಲ್ಲೇ ಆಗಿರಲಿ, ಮುಖ್ಯ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು ನಂತರ ಮುಂದುವರಿಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ರೀಸ್ಟಾರ್ಟ್ ಮಾಡಿ ನೋಡಬೇಕು, ಇಲ್ಲವಾದರೆ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದೆ ಮುಂದಿನ ಅಪ್‌ಡೇಟಿಗೆ ಅದೇ ತೊಂದರೆ ಮರುಕಳಿಸಬಹುದು.

ಹೊಸ ಡ್ರೈವರೂ ಫಲಿಸದಿದ್ದರೆ ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ ದಾರಿಯಲ್ಲಿ ಹಿಂದಿನ ಆವೃತ್ತಿಗೆ ಮರಳಲು ಸಾಮಾನ್ಯವಾಗಿ 10 ದಿನಗಳ ಅವಕಾಶವಿರುತ್ತದೆ. ದುರಸ್ತಿ ಪರದೆಯ ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್ ಮೂಲಕವೂ ಅದು ಸಾಧ್ಯ. ಹಳೆಯ ವ್ಯವಸ್ಥೆ ಇರುವುದು ಸಿ ಡ್ರೈವಿನ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರಿನಲ್ಲಿ, ಆದ್ದರಿಂದ ಜಾಗ ಉಳಿಸಲೆಂದು ಅದನ್ನು ಅಳಿಸಿದರೆ ಈ ಬಾಗಿಲು ಮುಚ್ಚುತ್ತದೆ. ಇಂಥ ಪ್ರಯತ್ನಗಳಲ್ಲೇ ಎರಡು ವಾರ ಕಳೆಯುವುದಕ್ಕಿಂತ ಒಂದು ವಾರದೊಳಗೆ ತೀರ್ಮಾನಕ್ಕೆ ಬರುವುದು ಒಳ್ಳೆಯದು.

ಕೊನೆಯದಾಗಿ, ಕಾರ್ಡಿನ ವಯಸ್ಸನ್ನೂ ಪರಿಗಣಿಸಿ. ಲಿನಕ್ಸ್‌ನಲ್ಲಿ ಎನ್‌ವಿಡಿಯಾದ ಕೆಪ್ಲರ್ ತಲೆಮಾರಿನ ಕಾರ್ಡುಗಳಿಗೆ 470, ಅದಕ್ಕೂ ಹಿಂದಿನ ಫರ್ಮಿಗೆ 390 ಸರಣಿಯೇ ಕೊನೆಯ ಡ್ರೈವರ್. 2018ರಲ್ಲಿ ಬಂದ ಮ್ಯಾಕ್ ಓಎಸ್ ಮೊಹಾವಿ, ಆಪಲ್‌ನ ಗ್ರಾಫಿಕ್ಸ್ ವ್ಯವಸ್ಥೆಯಾದ ಮೆಟಲ್ ಅನ್ನು ಬೆಂಬಲಿಸದ ಕಾರ್ಡುಗಳನ್ನು ಕೈಬಿಟ್ಟಿತು. ಹೀಗೆ ಬೆಂಬಲ ಮುಗಿದ ಕಾರ್ಡಿಗೆ ಎಷ್ಟು ಹುಡುಕಿದರೂ ಹೊಸ ಡ್ರೈವರ್ ಸಿಗುವುದಿಲ್ಲ. ಅಂಥ ಯಂತ್ರದಲ್ಲಿ ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇದ್ದರೆ ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಬದಲಿಸಬಹುದು, ಲಿನಕ್ಸ್ ಆದರೆ ಮುಕ್ತ ಡ್ರೈವರ್ ಆದ ನೂವೋ ಬಳಸಬಹುದು, ಅವೆರಡೂ ಆಗದಿದ್ದರೆ ಹಿಂದಿನ ಆವೃತ್ತಿಗೆ ಮರಳಬೇಕು ಅಥವಾ ಕಾರ್ಡನ್ನು ಬದಲಾಯಿಸಬೇಕು.